ಕಾರಿನ ಮೈಗೆ ಮನೆಮದ್ದು

ಮನೆಗೆ ಹೊಸ ವಸ್ತು ಬಂತೆಂದರೆ ಅದರ ಬೆನ್ನಿಗೇ ಒಂದು ಫಜೀತಿ ಬರುವುದು ರೂಢಿ. ಸಿಂದಗಿಯ ನಮ್ಮ ಮನೆಗೆ ಕಾರು ಬಂದಾಗ ಮಾತ್ರ ಫಜೀತಿಗಳು ಪಾಳಿ ಹಚ್ಚಿ ನಿಂತವು. ಒಂದು ಹೊರಗೆ ಹೋಗುವ ಮೊದಲೇ ಇನ್ನೊಂದು ಹೊಸ್ತಿಲು ತುಳಿಯುತ್ತಿತ್ತು.

ನಮ್ಮವರು ಡಾಕ್ಟರು. ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತಿದು. ಅದಕ್ಕೂ ಮೊದಲು ಸುತ್ತಲಿನ ಹಳ್ಳಿಗಳಿಗೆ ಟಾಂಗಾದಲ್ಲೇ ಹೋಗುತ್ತಿದ್ದರು. ಒಮ್ಮೆ ತಾಂಬಾದಿಂದ ಕರೆ ಬಂತು. ಟಾಂಗಾ ಹಳ್ಳದ ಕೆಸರಿನಲ್ಲಿ ಸಿಕ್ಕಿಬಿತ್ತು. ಇವರು ನಡೆದು ಮುಟ್ಟುವ ಹೊತ್ತಿಗೆ ಆ ಮನೆಯ ಕೂಸು ಕಣ್ಣು ಮುಚ್ಚಿತ್ತು. ತಿರುಗಿ ಬಂದವರು ಊಟಕ್ಕೆ ಏಳಲಿಲ್ಲ. "ಒಂದ ತಾಸು ಮೊದಲ ಹೋಗಿದ್ರ ಉಳೀತಿತ್ತು" ಎಂದಷ್ಟೇ ಅಂದರು. ಮರುದಿನವೇ ಬಿಜಾಪುರಕ್ಕೆ ಹೋಗಿ ಕಾರಿಗೆಂದು ತಮ್ಮ ಹೆಸರು ಬರೆಸಿ ಬಂದರು. ಆಮೇಲೆ ವರ್ಷಗಟ್ಟಲೆ ಕಾದರು. ಹೀಗಾಗಿ ಆ ಕಾರಿನ ಮೇಲೆ ಅವರು ಜೀವ ಇಟ್ಟಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಜೀವ ಇಟ್ಟ ರೀತಿ ಮಾತ್ರ ಹೇಳುವಂಥದು.

ಚರ್ಮದ ಮಾತು

ಕಾರು ತರಲು ನಾನೂ ಬಿಜಾಪುರಕ್ಕೆ ಹೋಗಿದ್ದೆ. ಹಾಲಿನ ಕೆನೆಯ ಬಣ್ಣ. ಬಿಸಿಲಲ್ಲಿ ನಿಲ್ಲಿಸಿದ್ದರು, ಕಣ್ಣು ಕೀಲಿಸಿ ನೋಡಲಾಗದಷ್ಟು ಹೊಳೆಯುತ್ತಿತ್ತು. ಕಾರು ಮಾರುವ ಅಂಗಡಿಯ ಮಾಲಕರು ಬಹಳ ವಿನಯದವರು. ಚಹ ಕೊಟ್ಟು ಹೇಳಿದರು:

"ಡಾಕ್ಟರ ಸಾಹೇಬ್ರ, ನಿಮ್ಮ ಕಡೆ ಎರಿ ಭೂಮಿ, ಧೂಳು ಬಾಳ. ಎರಡ ಮೂರ ತಿಂಗಳಿಗೊಮ್ಮೆ ಗಾಡಿ ಇಲ್ಲಿಗೆ ತಂದಬಿಡ್ರಿ. ನಮ್ಮ ಮಂದಿ ಮೇಣ ಹಚ್ಚಿ ಪಾಲಿಶ್ ಮಾಡಿ ಕೊಡ್ತಾರ. ಮ್ಯಾಲ ಹೊಚ್ಚಾಕ ಗವಸೂ ಐತಿ ನಮ್ಮಲ್ಲೆ."

"ಅದಕ್ಕ ಬ್ಯಾರೆ ರೊಕ್ಕ ಏನ್ರಿ?"

"ಹೌದ್ರಿ, ಅದು ಬ್ಯಾರೆ ಆಗತೈತ್ರಿ."

ನಮ್ಮವರು ನಕ್ಕರು. "ದಿನಾ ಬೆಳಗಾದ್ರ ಮಂದಿ ಚರ್ಮಕ್ಕ ಔಷಧ ಕೊಡಾಂವ ನಾನು. ಗಜಕರ್ಣ, ಇಸಬು, ಸುಟ್ಟಗಾಯ ಎಲ್ಲಾ ನೋಡೇನಿ. ಒಂದ ಕಾರಿನ ಚರ್ಮ ನೋಡಕೊಳ್ಳಾಕ ಆಗಂಗಿಲ್ಲೇನು ನನಗ?"

ಮಾಲಕರು ಕೈ ಮುಗಿದರು. "ತಮ್ಮ ಇಚ್ಛಾ ಸಾಹೇಬ್ರ. ಆದ್ರ ಒಂದ ಮಾತು. ಮನುಷ್ಯಾರ ಚರ್ಮ ಡಾಕ್ಟರ ಏನ ಮಾಡಿದ್ರೂ ತಾನ ಮಾಯತೈತ್ರಿ. ಇದು ಮಾಯಂಗಿಲ್ಲ."

ಉಣ್ಣೆ

ಕಾರು ನಡೆಸುವವನು ನಮ್ಮ ಹಳೆಯ ಟಾಂಗಾದ ಚಾಚಾನೇ. ಕಾರು ಬಂದರೆ ಅವನ ಹೊಟ್ಟೆಗೇನು ಎಂದು ನಮ್ಮವರೇ ಮುಂದಾಗಿ ಅವನನ್ನು ಡ್ರೈವಿಂಗ್ ಕಲಿಯಲು ಹಚ್ಚಿದ್ದರು. ಕಲಿತಿದ್ದ, ಚಲೋ ಕಲಿತಿದ್ದ. ಬ್ರೇಕು ಒತ್ತುವಾಗ ಬಾಯಿಂದ "ಹೋ ಹೋ ಹೋ" ಅನ್ನುವುದೊಂದು ಬಿಟ್ಟಿರಲಿಲ್ಲ.

ಮೊದಲ ಮದ್ದು ನಮ್ಮ ಅತ್ತೆಯವರದು. "ತಮ್ಮಾ, ಯಾವ ಮೈ ಆದ್ರೂ ಎಣ್ಣಿ ಕಂಡ್ರ ಬಿರಿಯಂಗಿಲ್ಲ. ಎತ್ತಿನ ಕೋಡಿಗೆ ಹಚ್ಚಂಗಿಲ್ಲೇನು? ಬಾಗಲಾ ಚೌಕಟ್ಟಿಗೆ ಹಚ್ಚಂಗಿಲ್ಲೇನು?" ಎಂದರು. ನಮ್ಮವರಿಗೂ ಅದು ಸರಿ ಕಂಡಿತು. ಔಡಲೆಣ್ಣೆಯ ಗಡಿಗೆ ಹೊರಗೆ ಬಂತು. ಚಾಚಾ ತೋಳು ಏರಿಸಿ, ಕುದುರೆಗೆ ಮಾಲೀಸು ಮಾಡಿದ ಹಾಗೆ, ಮುಂದಿನಿಂದ ಹಿಂದಿನತನಕ ನೀವಿ ನೀವಿ ತಿಕ್ಕಿದ. ಕಾರು ಎಣ್ಣೆನೀರು ಹಾಕಿಸಿಕೊಂಡ ಮದುಮಗಳ ಹಾಗೆ ಕಂಡಿತು. ಅತ್ತೆಯವರು ದೃಷ್ಟಿ ತೆಗೆದರು.

ಅಂದೇ ತಾಂಬಾಕ್ಕೆ ಹೋಗಬೇಕಿತ್ತು. ರಾಶಿಯ ದಿನಗಳು. ದಾರಿಯ ಎರಡೂ ಕಡೆ ಜೋಳದ ಕಣಗಳು, ಗಾಳಿಗೆ ತೂರುತ್ತಿದ್ದರು. ಜೋಳದ ಹೊಟ್ಟು ಹಾರಿ ಬಂದು ಕಾರಿನ ಮೇಲೆ ಕೂತಿತು. ಕೂತದ್ದು ಏಳಲಿಲ್ಲ. ಅದರ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಹೊಟ್ಟು. ಊರು ಮುಟ್ಟುವ ಹೊತ್ತಿಗೆ ಕೆನೆ ಬಣ್ಣ ಎಲ್ಲಿಯೂ ಇರಲಿಲ್ಲ. ಬೆರಳುದ್ದ ತುಪ್ಪಳ ಬೆಳೆದಿತ್ತು.

ನಮ್ಮವರು ಗಂಭೀರವಾಗಿ ಇಳಿದು, ರೋಗಿಯನ್ನು ನೋಡಿ, ಔಷಧ ಕೊಟ್ಟು ಹೊರಗೆ ಬಂದರು. ಕುರಿ ಕಾಯುವ ಮುದುಕನೊಬ್ಬ ಕಾರಿನ ಸುತ್ತ ಒಂದು ಸುತ್ತು ಹಾಕಿ, ಅದರ ಬೆನ್ನ ಮೇಲೆ ಕೈಯಾಡಿಸಿ, ಚಿವುಟಿ ನೋಡಿ ನಿಂತಿದ್ದ. ಇವರನ್ನು ಕಂಡು ಪ್ರಾಮಾಣಿಕವಾಗಿ ಕೇಳಿದ:

"ಉಣ್ಣಿ ಚಲೋ ಇಳದೈತ್ರಿ ಡಾಕ್ಟರ. ಯಾವಾಗ ಕತ್ತರಸ್ತೀರಿ?"

ಗದ್ದುಗೆ

ಎಣ್ಣೆ ಇಳಿಸಲು ಸೀಗೆಕಾಯಿಯೇ ಬೇಕಾಯಿತು. ಆಮೇಲೆ ಎಣ್ಣೆಯ ಮಾತು ಯಾರೂ ಎತ್ತಲಿಲ್ಲ. ಧೂಳು ಬೀಳದಂತೆ ಹೊಚ್ಚಿಟ್ಟರೆ ಸಾಕು ಎಂದು ತೀರ್ಮಾನವಾಯಿತು. ಅಂಗಡಿಯ ಗವಸು ತರೋಣ ಎಂದೆ. "ಮನ್ಯಾಗ ಇಷ್ಟ ಹಳೀ ಸೀರಿ ಅದಾವ, ಗವಸು ಯಾಕ?" ಎಂದರು ನಮ್ಮವರು. ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಕಾರಿನಷ್ಟು ದೊಡ್ಡದೊಂದು ಕೌದಿ ಹೊಲಿದೆವು. ಕೆಂಪು, ಹಸಿರು, ನಡುನಡುವೆ ಇಳಕಲ್ ಸೀರೆಯ ಸೆರಗು. ಹೊಲಿಯುವಾಗ ನನ್ನ ಮದುವೆಯ ಸೀರೆಯೂ ಅದರಲ್ಲಿ ಹೋಯಿತೆಂಬುದು ನನಗೆ ತಡವಾಗಿ ತಿಳಿಯಿತು. ಇರಲಿ.

ಕಾರು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕೌದಿ ಹೊದ್ದು ನಿಂತಿತು. ಗುರುವಾರ ಸಂಜೆ ಚಾಚಾ ಅದರ ಮುಂದೆ ಲೋಬಾನದ ಹೊಗೆ ಹಾಕುತ್ತಿದ್ದ. ಟಾಂಗಾದ ಕುದುರೆಗೂ ಹಾಕುತ್ತಿದ್ದನಂತೆ.

ಒಂದು ಗುರುವಾರ ಆಲಮೇಲದ ಕಡೆಯ ಮುದುಕಿಯೊಬ್ಬಳು ಬಸ್ಸಿಳಿದು ಬಂದಳು. ಹೊಗೆ ಕಂಡಳು, ಬಣ್ಣದ ಹೊದಿಕೆ ಕಂಡಳು, ಚಪ್ಪಲಿ ದೂರ ಬಿಟ್ಟಳು. ಒಳಗಿದ್ದ ನಮಗೆ ಕೇಳಿಸಿದ್ದು 'ಫಟ್' ಎಂಬ ಸಪ್ಪಳವಷ್ಟೇ. ಓಡಿ ಬಂದು ನೋಡಿದರೆ, ಕೌದಿಯ ಕೆಳಗೆ ಉಬ್ಬಿ ನಿಂತಿದ್ದ ಚಕ್ರದ ಮೇಲಿನ ತಗಡಿಗೇ ತೆಂಗಿನಕಾಯಿ ಒಡೆದು ಕೈಮುಗಿದು ನಿಂತಿದ್ದಾಳೆ.

"ಏನ ಮಾಡಿದಿ ಯವ್ವಾ!" ಎಂದರು ನಮ್ಮವರು.

"ಹರಕಿ ಇತ್ತಪಾ. ನನ್ನ ಮೊಮ್ಮಗನ ಜ್ವರಾ ಇಳಿಲಿ ಅಂತ ಬೇಡ್ಕೊಂಡಿದ್ದೆ. ಇಳೀತು. ಯಾವ ಶರಣರ ಗದ್ದಿಗಿನೋ ಏನೋ, ಡಾಕ್ಟರ ಬಾಗಲಿಗೇ ಐತೆಲ್ಲ ಅಂತ ಇಲ್ಲೇ ಒಡದೆ."

"ಜ್ವರಕ್ಕ ಔಷಧ ಕೊಟ್ಟಾಂವ ನಾನಲ್ಲೇನು?"

ಮುದುಕಿ ಅವರನ್ನೂ ಕಾರನ್ನೂ ಒಮ್ಮೆ ನೋಡಿ ಯೋಚಿಸಿದಳು. ಆಮೇಲೆ ನ್ಯಾಯವಾಗಿ ಹೇಳಿದಳು: "ನಿಂದೂ ಕೈಗುಣ ಐತಿ, ಇಲ್ಲನ್ನಂಗಿಲ್ಲ. ತಗೋ, ಒಂದ ಹೋಳು ನಿನಗ."

ಎರಡನೆಯ ಹೋರಿ

ಕೌದಿ ಎತ್ತಿ ನೋಡಿದರೆ ತಗಡು ತಗ್ಗಾಗಿತ್ತು. ಸಾಲದ್ದಕ್ಕೆ, ಹಿಂದಿನ ವಾರದ ಮಳೆಗೆ ಸೆರಗಿನ ಕೆಂಪು ಇಳಿದು ಕೆನೆ ಬಣ್ಣದ ಮೇಲೆ ಕುಂಕುಮ ಚೆಲ್ಲಿದಂತಾಗಿತ್ತು. ನಮ್ಮವರು ಬಿಜಾಪುರದ ದಾರಿ ಹಿಡಿದರು. ಅಂಗಡಿಯ ಮಾಲಕರು ಒಂದು ಗುಂಜು ಹೊಟ್ಟನ್ನು ಬಾಗಿಲ ಸಂದಿಯಿಂದ ತಾವೇ ತೆಗೆದು, ಮೇಜಿನ ಮೇಲೆ ಇಟ್ಟು, ಚಹ ತರಿಸಿದರಂತೆ.

ತಗ್ಗು ತೆಗೆದು, ಬಣ್ಣ ಕೂಡಿಸಿ, ಮೇಣ ಹಚ್ಚಿ ತಿಕ್ಕಿ ಕೊಟ್ಟಿದ್ದರು. ಕಾರು ಕನ್ನಡಿಯಾಗಿತ್ತು. ಅತ್ತೆಯವರು ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ವಿಭೂತಿ ಸರಿ ಮಾಡಿಕೊಂಡರು. ನಮ್ಮವರು ಸೋಲನ್ನು ಒಪ್ಪಿಕೊಂಡರು. "ಕೆಲಸ ಬಲ್ಲವರ ಕೈಯಾಗ ಕೊಟ್ರ ಹಿಂಗ" ಎಂದರು.

ಅದೇ ವಾರ ಬಸವನ ಬಾಗೇವಾಡಿಯಲ್ಲಿ ಒಬ್ಬ ರೈತನ ತಾಯಿಯನ್ನು ನೋಡಲು ಹೋದೆವು. ಅವರ ಅಂಗಳದಲ್ಲಿ ಒಂದು ಹೋರಿ ಕಟ್ಟಿತ್ತು. ಭಾರೀ ಹೋರಿ, ಆದರೆ ಸಾಧು ಸ್ವಭಾವ, ಸಣ್ಣ ಹುಡುಗರೂ ಅದರ ಹೊಟ್ಟೆಯ ಕೆಳಗೆ ಹಾಯುತ್ತಿದ್ದರು. ಚಾಚಾ ಕಾರನ್ನು ಅದರ ಎದುರಿಗೇ ನಿಲ್ಲಿಸಿದ. ಹೋರಿ ತಲೆ ಎತ್ತಿತು. ಕಾರಿನ ಬಾಗಿಲೊಳಗೂ ಒಂದು ಹೋರಿ ತಲೆ ಎತ್ತಿತು. ಇದು ಗುಟುರು ಹಾಕಿತು. ಅದು ಹಿಂದೆ ಸರಿಯಲಿಲ್ಲ. ಮುಂದಾದದ್ದನ್ನು ನಾವು ಕಿಟಕಿಯಿಂದ ನೋಡಿದೆವು; ತಡೆಯುವಷ್ಟು ಹೊತ್ತು ಸಿಗಲಿಲ್ಲ.

ಬಾಗಿಲಿನಲ್ಲಿ ಎರಡು ತೂತು. ನಮ್ಮವರು ಬಾಯಿ ತೆರೆಯುವ ಮೊದಲೇ ರೈತ ಸಿಟ್ಟಿನಿಂದ ಕೆಂಪಾಗಿ ನಿಂತಿದ್ದ:

"ನಮ್ಮ ಹೋರಿ ಹುಟ್ಟಿದಾಗಿಂದ ಯಾರಿಗೂ ಕೋಡಿಂದ ಹಾದದ್ದಿಲ್ರಿ. ಬ್ಯಾರೆ ಹೋರಿ ತಂದು ಅದರ ಮಾರಿ ಮುಂದ ನಿಂದ್ರಿಸಿದ್ರ ಅದಾದ್ರೂ ಏನ ಮಾಡಬೇಕ್ರಿ?"

ಕಿಲುಬು

ಈಗ ಹೇಳುವುದು ಮಳೆಗಾಲದ ಕೊನೆಯ ಮಾತು. ಹೋರಿಯ ತೂತುಗಳೂ ಮುಚ್ಚಿ, ಕಾರು ಮತ್ತೊಮ್ಮೆ ಬಿಜಾಪುರದಿಂದ ಹೊಳೆಯುತ್ತ ಬಂದಿತ್ತು. ನಮ್ಮವರು ಚಾಚಾನಿಗೆ ಕಟ್ಟಪ್ಪಣೆ ಮಾಡಿದ್ದರು: ದನ ಕಂಡಲ್ಲಿ ನಿಲ್ಲಿಸಬಾರದು, ಮುಳ್ಳು ಕಂಡಲ್ಲಿ ಮುಂದೆ ಹೋಗಬಾರದು.

ಒಂದು ಮಧ್ಯಾಹ್ನ ಭೀಮಾ ದಂಡೆಯ, ಹೊಲಗಳ ನಡುವಿನ ಒಂದು ವಸ್ತಿಯಿಂದ ಒಬ್ಬ ತರುಣ ಸೈಕಲ್ ಮೇಲೆ ಬಂದ. ಕಾಲೆಲ್ಲ ಕೆಸರು. ಅವನ ಹೆಂಡತಿಗೆ ಹಿಂದಿನ ದಿನದಿಂದ ಬೇನೆ, ಕೂಸು ಇಳಿಯುತ್ತಿಲ್ಲ. ಹೆಂಗಸರಿಗೆ ಧೈರ್ಯವಾಗಲೆಂದು ನಾನೂ ಕಾರು ಹತ್ತಿದೆ.

ವಸ್ತಿಗೆ ಹೋಗುವುದೊಂದೇ ದಾರಿ. ಬಂಡಿ ಹಿಡಿಸುವಷ್ಟು ಅಗಲ, ಎರಡೂ ಬದಿಗೆ ಜಾಲಿ ಬೆಳೆದು ಒಳಗೆ ಬಾಗಿತ್ತು. ಚಾಚಾ "ಹೋ ಹೋ" ಎಂದು ಕಾರು ನಿಲ್ಲಿಸಿದ.

"ಸಾಹೇಬ್ರ, ಮುಳ್ಳು ಅದಾವ್ರಿ. ಬಣ್ಣ ಉಳಿಯಂಗಿಲ್ಲ."

ನಮ್ಮವರು ಆ ದಾರಿಯನ್ನು ನೋಡಿದರು. ತಾಂಬಾದ ಕೂಸು ಹೋದ ದಿನ ತಿರುಗಿ ಬಂದಾಗಿನ ಮುಖವೇ ಅದು ಎಂದು ನನಗೆ ತಿಳಿಯಿತು. "ನಡಿ ಚಾಚಾ" ಎಂದರು.

ಮುಳ್ಳು ತಗಡನ್ನು ಗೀರುವ ಸಪ್ಪಳ ಹಲ್ಲು ಜುಮ್ಮೆನಿಸುವಂಥದು. ಹೋಗುವಾಗ ಅದನ್ನು ಕೇಳಿದೆವು. ಆ ಹೆಣ್ಣುಮಗಳನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ತಿರುಗಿ ಬರುವಾಗಲೂ ಕೇಳಿದೆವು. ನಮ್ಮವರು ಒಮ್ಮೆಯೂ ಹೊರಗೆ ನೋಡಲಿಲ್ಲ. ಹಿಂದೆ ತಿರುಗಿ ಅವಳ ನಾಡಿ ಹಿಡಿದೇ ಕೂತಿದ್ದರು. ದೀಪ ಹಚ್ಚುವ ಹೊತ್ತಿಗೆ ನಮ್ಮ ದವಾಖಾನೆಯಲ್ಲಿ ಗಂಡು ಕೂಸು ಅತ್ತಿತು. ತಾಯಿ ಉಳಿದಳು. ನಮ್ಮವರು ಕೈ ತೊಳೆದುಕೊಂಡು, ಮುಖಕ್ಕೂ ನೀರು ಹಾಕಿಕೊಂಡು, ಬಹಳ ಹೊತ್ತು ಮುಖ ಒರೆಸಿಕೊಂಡರು.

ಹಿಂದಿನಿಂದ ಬಂಡಿಯಲ್ಲಿ ಬಂದಿದ್ದ ಆ ಮನೆಯ ಹೆಂಗಸರು ನಮ್ಮ ಪಡಸಾಲೆಯಲ್ಲೇ ಮಲಗಿದ್ದರು. ಮುಂಜಾನೆ ಅಂಗಳದಿಂದ 'ಕರ್ ಕರ್' ಎಂಬ ಸಪ್ಪಳ ಕೇಳಿ ನಾವಿಬ್ಬರೂ ಎದ್ದು ಬಂದೆವು. ಕೂಸಿನ ಅಜ್ಜಿ ಮತ್ತು ಅವಳ ತಂಗಿ ಸೀರೆ ಕಚ್ಚೆ ಹಾಕಿಕೊಂಡು, ಬೂದಿ, ಇಟ್ಟಂಗಿ ಪುಡಿ, ಹುಣಸೆಹಣ್ಣು, ತೆಂಗಿನ ನಾರಿನ ಜುಬ್ಬರ ಎಲ್ಲ ಇಟ್ಟುಕೊಂಡು ಕಾರಿನ ಮುಂದೆ ಕೂತಿದ್ದರು. ಬಲಗಡೆಯ ಬಾಗಿಲು ಎರಡರಲ್ಲೂ ಬಣ್ಣವೆಂಬುದೇ ಇರಲಿಲ್ಲ. ಬರೀ ತಗಡು, ತಿಕ್ಕಿದ ಕೊಡದ ಹಾಗೆ ಥಳಥಳ ಹೊಳೆಯುತ್ತಿತ್ತು.

ಅಜ್ಜಿ ಬೆವರು ಒರೆಸಿಕೊಂಡು ನಕ್ಕಳು. "ಎದ್ರೇನ್ರಿ ಸಾಹೇಬ್ರ? ನಿಮ್ಮ ಗಾಡಿ ಕಿಲುಬು ಹಿಡದಿತ್ರಿ. ಮುಳ್ಳು ಗೀರಿದಲ್ಲೆಲ್ಲಾ ಒಳಗ ಬೆಳ್ಳಗ ಹೊಳಿಯಾಕತ್ತಿತ್ತು. ಇಷ್ಟ ಚಲೋ ಭಾಂಡೆ, ಯಾರೂ ತಿಕ್ಕವರಿಲ್ಲಂತ ಮ್ಯಾಲ ಹಳದಿ ಕೂತೈತಿ ಪಾಪ ಅಂತ, ನಸುಕಿನ್ಯಾಗ ಎದ್ದು ಹಚ್ಚಿದ್ವಿ ನೋಡ್ರಿ."

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ನಮ್ಮವರು ಆ ಕಡೆ ನೋಡಿದರು, ಕಾರಿನ ಕಡೆ ನೋಡಿದರು, ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಚಲೋ ಮಾಡಿದ್ರಿ ಯವ್ವಾ" ಎಂದರು ಕಡೆಗೆ, ಸಣ್ಣ ದನಿಯಲ್ಲಿ. "ಇನ್ನ ಸಾಕು. ಆ ಬಾಜೂ ಇರಲಿ. ದಣದೀರಿ."

"ದಣಿವೆಂಥಾದ್ರಿ?" ಎಂದು ಅಜ್ಜಿ ಎದ್ದು, ಬೂದಿಯ ಬುಟ್ಟಿ ಎತ್ತಿಕೊಂಡು ಎಡಗಡೆಗೆ ಹೊರಟಳು. "ನೀವು ನಮ್ಮ ಸೊಸಿನ್ನ ಅರ್ಧಕ್ಕ ಬಿಟ್ರೇನ್ರಿ, ನಾವು ನಿಮ್ಮ ಗಾಡಿನ್ನ ಅರ್ಧಕ್ಕ ಬಿಡಾಕ?"