ವೆಬ್‌ಸೈಟ್ ಮಾಡಿಸಿಕೊಂಡ ಹೆಡ್‌ಮಾಸ್ತರ

ನಮ್ಮ ಕಡೆ ಒಂದು ಕೆಲಸಕ್ಕೆ ಕೈ ಹಾಕಿದರೆ ಅದು ಮತ್ತೊಂದಾಗಿಯೇ ಮನೆಗೆ ಬರುತ್ತದೆ. ನನ್ನ ಹಣೆಬರಹದಲ್ಲಂತೂ ಇದು ತಪ್ಪಿದ್ದೇ ಇಲ್ಲ. ಈ ಸಲ ಹಾಗಾದದ್ದು ವೆಬ್‌ಸೈಟಿನ ವಿಷಯದಲ್ಲಿ.

ನಾನು ಸೇಡಂ ಹತ್ತಿರದ ಒಂದು ಸರಕಾರಿ ಹೈಸ್ಕೂಲಿನ ಹೆಡ್‌ಮಾಸ್ತರ. ಇಪ್ಪತ್ತು ವರ್ಷದಿಂದ ಕದ್ದುಮುಚ್ಚಿ ಕಥೆ ಬರೆಯುತ್ತಿದ್ದೇನೆ. ಹನ್ನೆರಡು ಕಥೆಗಳಾಗಿವೆ. ನಿವೃತ್ತಿಗೆ ಮೊದಲು ಅವು ಒಂದು ಪುಸ್ತಕವಾಗಿ ಕೈಗೆ ಬರಬೇಕು ಎಂಬುದೊಂದೇ ಆಸೆ. ಶಹಾಬಾದಿನಲ್ಲಿ ಒಂದು ಸಾಹಿತ್ಯ ಕಮ್ಮಟಕ್ಕೆ ಹೋದಾಗ ಕೋಟು ಹಾಕಿಕೊಂಡು ಬಂದಿದ್ದ ಒಬ್ಬರು, ಹೊಸ ಲೇಖಕರಿಗೆ ಮೊದಲು ಸ್ವಂತ ವೆಬ್‌ಸೈಟ್ ಇರಬೇಕು, ಇಲ್ಲದಿದ್ದರೆ ಪ್ರಕಾಶಕರು ತಿರುಗಿಯೂ ನೋಡುವುದಿಲ್ಲ ಎಂದು ಹೆದರಿಸಿದರು. ಅವರ ಪುಸ್ತಕ ಯಾವುದು ಎಂದು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ನಾನು ಮರುದಿನವೇ ವೆಬ್‌ಸೈಟ್ ಮಾಡಿಸಲು ಹೊರಟೆ.

೧. ದಾಖಲೆಗಳು

ಸೇಡಂ ಬಜಾರಿನಲ್ಲಿ ಒಂದು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇದೆ. ಅದರ ಮಾಲಕನನ್ನು ಊರೆಲ್ಲ ಭಾಯಿ ಎಂದೇ ಕರೆಯುತ್ತದೆ. ಪಹಣಿ, ಆದಾಯ ಪ್ರಮಾಣಪತ್ರ, ಲಗ್ನಪತ್ರಿಕೆ ಎಲ್ಲವೂ ಅವನ ಕೈಯಲ್ಲೇ ಆಗುವುದು. ವೆಬ್‌ಸೈಟ್ ಮಾಡಲು ಬರುತ್ತದೆಯೇ ಎಂದು ಕೇಳಿದೆ. ಬರದ ಕೆಲಸ ಎಂಬುದು ಅವನ ಅಂಗಡಿಯಲ್ಲೇ ಇಲ್ಲ. ಆಧಾರ್, ಎರಡು ಫೋಟೋ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡಿನ ಝೆರಾಕ್ಸ್ ತರಲು ಹೇಳಿದ.

ಕಥೆ ಬರೆಯುವವನಿಗೆ ರೇಷನ್ ಕಾರ್ಡ್ ಯಾಕೆ ಎಂದೆ.

“ಕೊಟ್ಟು ಇಡ್ರಿ ಸರ್. ನಾಳೆ ಸರ್ವರ್ ಕೇಳಿದ್ರ ಎಲ್ಲಿಂದ ತರ್ತೀರಿ?”

ಸರ್ವರ್ ಏನನ್ನೂ ಕೇಳಲಿಲ್ಲ. ಆದರೂ ನಾನು ಎಲ್ಲ ಕೊಟ್ಟೆ, ಕೇಳದಿದ್ದ ಕರೆಂಟ್ ಬಿಲ್ಲನ್ನೂ ಸೇರಿಸಿ.

೨. ಲೇಖಕರ ಪರಿಚಯ

ಪುಸ್ತಕಕ್ಕೆ ಇಲಾಖೆಯ ಅನುಮತಿ ಇನ್ನೂ ಬಂದಿರಲಿಲ್ಲ. ಅದಕ್ಕೇ ವೆಬ್‌ಸೈಟಿನಲ್ಲಿ ನನ್ನ ಹೆಸರು ಬೇಡ, ಕಾವ್ಯನಾಮ ಸಾಕು, ಫೋಟೋ ಹಾಕಬೇಡ, ಫೋನ್ ನಂಬರ್ ನಿನ್ನದೇ ಇರಲಿ ಎಂದು ಭಾಯಿಗೆ ಹೇಳಿದ್ದೆ. ಲೇಖಕರ ಪರಿಚಯ ಎಂಬ ಪುಟವನ್ನು ಅವನೇ ತುಂಬಿದ. ಪರಿಚಯ ಬರೆಯಲು ಅವನ ಕಂಪ್ಯೂಟರಿನಲ್ಲಿದ್ದದ್ದು ಒಂದೇ ನಮೂನೆ, ವರನ ಬಯೋಡೇಟಾ. ಎತ್ತರ ಐದು ಅಡಿ ಆರು ಇಂಚು, ಬಣ್ಣ ಗೋಧಿ, ಸರಕಾರಿ ನೌಕರಿ, ಸ್ವಂತ ಮನೆ, ದುಶ್ಚಟ ಇಲ್ಲ. ವಯಸ್ಸಿನ ಜಾಗ ಮಾತ್ರ ನನ್ನ ಮೇಲಿನ ಗೌರವದಿಂದ ಖಾಲಿ ಬಿಟ್ಟಿದ್ದ.

ವಾರದೊಳಗೆ ಚಿಂಚೋಳಿ ಕಡೆಯ ಒಂದು ಮನೆತನದವರು ಭಾಯಿಗೆ ಫೋನ್ ಮಾಡಿದರು. ಹುಡುಗನ ಕಥೆ ಓದಿಲ್ಲ, ಆದರೆ ನೌಕರಿ ಒಪ್ಪಿಗೆಯಾಗಿದೆ, ಯಾವಾಗ ಬರುತ್ತೀರಿ ಎಂದು ಕೇಳಿದರಂತೆ. ಭಾಯಿ ಅದನ್ನು ಹೇಳಲು ನಮ್ಮ ಮನೆಗೆ ಬಂದ. ನಾನು ಶಾಲೆಯಲ್ಲಿದ್ದೆ, ಹೇಳಿದ್ದು ನನ್ನ ಹೆಂಡತಿಗೆ.

ಸಂಜೆ ನಾನು ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಸಿಟ್ಟೇನೂ ಇದ್ದಂತೆ ಕಾಣಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು.

“ಭಾಳ ಛಲೋ ಮಂದಿ ಅಂತ ಅವ್ರು. ಹೋಗಿ ನೋಡ್ಕೊಂಡು ಬರ್ರಿ. ಹೋಗೂ ಮುಂದ ಈ ಜ್ವಾಳದ ಚೀಲಾನೂ ತಗೊಂಡು ಹೋಗ್ರಿ, ಬರೂ ಮುಂದ ಗಿರಣ್ಯಾಗ ಹಿಟ್ಟ ಹಾಕಿಸ್ಕೊಂಡು ಬರ್ರಿ.”

ಗಿರಣಿಗೆ ಮಾತ್ರ ಹೋಗಿ ಬಂದೆ.

೩. ಮೊದಲ ಓದುಗ

ನಮ್ಮ ಕಡೆಯವರಿಗೆ ಆನ್‌ಲೈನ್ ಎಂದರೆ ಕಡೆಗೆ ಒಂದು ಕಾಗದ ಕೈಗೆ ಬರಬೇಕು. ವೆಬ್‌ಸೈಟ್ ಸುದ್ದಿ ಕೇಳಿದವರೆಲ್ಲ ಭಾಯಿ ಹತ್ತಿರ ಹೋಗಿ, ಅದರದೊಂದು ಪ್ರಿಂಟ್ ಕೊಡು ಎನ್ನತೊಡಗಿದರು. ಪಹಣಿ ಬರುವ ಪ್ರಿಂಟರಿನಲ್ಲೇ ನನ್ನ ಕಥೆಗಳೂ ಬರತೊಡಗಿದವು.

ಒಂದು ದಿನ ಚಿತ್ತಾಪುರದ ಬಸ್ಸಿನಲ್ಲಿ ಆಡಕಿ ಕಡೆಯ ಒಬ್ಬ ರೈತ ನನ್ನ ಪಕ್ಕ ಬಂದು ಕುಳಿತ. ಅವನ ಕೈಯಲ್ಲಿ ನನ್ನ ಕಥೆಯ ಮೂರು ಹಾಳೆ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕಥೆ ಹೇಗಿದೆ ಎಂದು ಮೆಲ್ಲಗೆ ಕೇಳಿದೆ.

ಕಥೆಯೋ ಏನೋ ಅವನಿಗೆ ಗೊತ್ತಿರಲಿಲ್ಲ. ಪಹಣಿ ಜೊತೆಗೆ ಬಂದಿತ್ತು, ಅದೂ ಬೇಕಾಗುತ್ತದೇನೋ ಎಂದು ಅರ್ಜಿಗೆ ಪಿನ್ ಹೊಡೆದು ಒಂದು ಕಚೇರಿಗೆ ಕೊಟ್ಟಿದ್ದ. ಈಗ ಕೈಯಲ್ಲಿದ್ದದ್ದು ಅದರ ಇನ್ನೊಂದು ಪ್ರತಿ.

“ಹ್ವಾದ ಸಲ ಕಾಗದ ಕಮ್ಮಿ ಅದಾವ ಅಂತ ವಾಪಸ್ ಕಳಿಸಿದ್ರು ಸರ್. ಈ ಸಲ ಇದನ್ನ ಹಚ್ಚಿದೆ, ಸುಮ್ಮನ ತಗೊಂಡ್ರು.”

ನನ್ನ ಬರಹದಿಂದ ಸಮಾಜಕ್ಕೆ ಆದ ಉಪಯೋಗ ಸದ್ಯಕ್ಕೆ ಅದೊಂದೇ.

೪. ಪ್ರಕಾಶಕರು

ಚಿಂಚೋಳಿಯ ಒಬ್ಬ ಉಪನ್ಯಾಸಕರ ಕೈ ಸೇರಿದ್ದ ಒಂದು ಪ್ರಿಂಟ್, ಅವರ ಮೂಲಕ ಕಲಬುರಗಿಯ ಒಬ್ಬ ಪ್ರಕಾಶಕರ ಟೇಬಲ್ ತಲುಪಿತು. ಅವರು ಅದರಲ್ಲಿದ್ದ ನಂಬರಿಗೆ, ಅಂದರೆ ಭಾಯಿಗೆ, ಫೋನ್ ಮಾಡಿದರು. ಕೆಲವು ದಿನದ ಮೇಲೆ ಭಾಯಿ ನನ್ನ ಬಳಿ ಓಡಿಬಂದ.

“ಸರ್, ನಿಮ್ಮ ಪುಸ್ತಕ ಪಾಸಾಗ್ಯಾದ. ಅರ್ಜಿ ನಾನೇ ಹಾಕೀನಿ. ಹೋಗಿ ಭೆಟ್ಟಿ ಆಗಿ ಬರ್ರಿ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ವಾಡಿಗೆ ಹೋಗಿ ಸಿಕ್ಕ ರೈಲು ಹತ್ತಿ ಕಲಬುರಗಿ ಸೇರಿದೆ. ಪ್ರಕಾಶಕರು ವಯಸ್ಸಾದವರು. ಚಹಾ ತರಿಸಿದರು. ನನ್ನ ವೆಬ್‌ಸೈಟ್ ಹೇಗನಿಸಿತು ಎಂದು ಕೇಳಿದೆ. ಅಂಥದ್ದೇನನ್ನೂ ತಾನು ನೋಡಿಲ್ಲ, ಕಾಗದ ಬಂತು, ಓದಿದೆ, ಹಿಡಿಸಿತು ಎಂದರು. ಆಮೇಲೆ ತಾವು ಯಾರು ಎಂದರು.

ಲೇಖಕ ಎಂದೆ.

ಅವರು ಕನ್ನಡಕ ಏರಿಸಿ ಒಂದು ಫೈಲ್ ತೆಗೆದರು. ಕಥೆಗಳು ಸ್ವಂತ ರಚನೆ ಎಂಬುದಕ್ಕೆ ಒಂದು ಪ್ರಮಾಣಪತ್ರ ಕೇಳಿದ್ದರಂತೆ. ಭಾಯಿ ಅದನ್ನು ತುಂಬಿ ಕಳಿಸಿದ್ದ, ತನ್ನ ಹೆಸರಿನಲ್ಲಿ. ಅದರಲ್ಲಿ ಮೋಸ ಏನೂ ಇರಲಿಲ್ಲ. ಯಾರ ಮೊಬೈಲ್ ನಂಬರ್ ಇದೆಯೋ ಅರ್ಜಿ ಅವರ ಹೆಸರಿನಲ್ಲೇ ಇರಬೇಕು, ಇಲ್ಲದಿದ್ದರೆ ಓಟಿಪಿ ಬರುವುದಿಲ್ಲ ಎಂಬುದು ಅವನ ಅಂಗಡಿಯ ಕಾಯಿದೆ.

ಇದು ತಪ್ಪಾಗಿದೆ, ಬರೆದವನು ನಾನು ಎಂದು ಬೇಡಿಕೊಂಡೆ. ಪ್ರಕಾಶಕರು ತಲೆ ಅಲ್ಲಾಡಿಸಿದರು. ಹಾಗೆ ಹೇಳಿಕೊಂಡು ಬರುವವರು ಬಹಳ ಮಂದಿ ಇರುತ್ತಾರಂತೆ. ಇದಕ್ಕಾದರೆ ಒಬ್ಬ ಗೆಜೆಟೆಡ್ ಅಧಿಕಾರಿ, ತಾನು ಖುದ್ದಾಗಿ ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಿದ್ದಾರೆ ಎಂದು ಹಾಳೆಯನ್ನು ನನ್ನ ಮುಂದೆ ಇಟ್ಟರು.

ಹಸಿರು ಶಾಯಿ, ನಮ್ಮ ಶಾಲೆಯ ಸೀಲು, ನನ್ನ ಸಹಿ.

ಭಾಯಿ ದಿನವೂ ಸಂಜೆ ಅಟೆಸ್ಟೇಶನ್‌ಗೆ ಒಂದು ಕಟ್ಟು ಕಾಗದ ತರುತ್ತಾನೆ. ನಾನು ಒಂದು ಕೈಯಲ್ಲಿ ಚಹಾ ಕುಡಿಯುತ್ತಾ ಇನ್ನೊಂದು ಕೈಯಲ್ಲಿ ಸಹಿ ಹಾಕುತ್ತಾ ಹೋಗುತ್ತೇನೆ. ಇದೂ ಆ ಕಟ್ಟಿನಲ್ಲೇ ಬಂದು ಹೋಗಿರಬೇಕು.

“ಈ ಸಹಿ ಮಾಡಿದ ಹೆಡ್‌ಮಾಸ್ತರು ನಂಬಿಗಸ್ತರೇನ್ರಿ?” ಎಂದು ಪ್ರಕಾಶಕರು ಕೇಳಿದರು.

ಹೌದು ಅಂದರೆ ಇಪ್ಪತ್ತು ವರ್ಷದ ಹನ್ನೆರಡು ಕಥೆ ಝೆರಾಕ್ಸ್ ಅಂಗಡಿಯವನ ಹೆಸರಿಗೆ ಹೋಗುತ್ತವೆ. ಅಲ್ಲ ಅಂದರೆ ನನ್ನ ಮಾನ ಹೋಗುತ್ತದೆ. ಕಡೆಗೆ ಮಾನ ಹೋದರೆ ಹೋಗಲಿ ಎಂದುಕೊಂಡೆ.

“ಇಲ್ರಿ. ಅಂವ ಏನೂ ಓದಂಗಿಲ್ಲ, ಸುಮ್ಮನ ಸಹಿ ಮಾಡ್ತಾನ. ಆ ಹೆಡ್‌ಮಾಸ್ತರ ನಾನೇ ಇದ್ದೀನ್ರಿ.”

ಗುರುತಿನ ಚೀಟಿ ತೆಗೆದು ತೋರಿಸಿದೆ. ಅದೇ ಹಾಳೆಯ ಪಕ್ಕದಲ್ಲಿ ಒಂದು ಸಹಿಯನ್ನೂ ಮಾಡಿ ತೋರಿಸಿದೆ. ಎರಡೂ ಒಂದೇ ತರಹ ವಕ್ರವಾಗಿದ್ದವು. ಪ್ರಕಾಶಕರು ಎರಡನ್ನೂ ಹೋಲಿಸಿ ನೋಡಿದರು. ಆಮೇಲೆ ಡ್ರಾಯರ್ ಎಳೆದು, ಪುಸ್ತಕದ ಕರಾರು ಪತ್ರ ತೆಗೆದು, ಲೇಖಕರ ಜಾಗದಲ್ಲಿದ್ದ ಭಾಯಿಯ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದು, ನನ್ನ ಮುಂದೆ ಸರಿಸಿದರು.

“ಹಂಗಾದ್ರ ಭಾಳ ಛಲೋ ಆಯ್ತು. ಇದಕ್ಕೂ ಒಂದು ಸಹಿ ಮಾಡಿಬಿಡ್ರಿ. ಓದಬ್ಯಾಡ್ರಿ.”