ರೊಟ್ಟಿಯ ತಲೆಗೆ ಕಟ್ಟಿದ ಕೈನೋವು

ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮೊರದ ತುಂಬ ಬೇಳೆ, ಬಾಯಲ್ಲಿ ಶಿವನಾಮ. ಪಕ್ಕದ ಮನೆಯ ಮಾದೇವಕ್ಕ ಹೊಸ್ತಿಲಲ್ಲೇ ನಿಂತು ಸುದ್ದಿ ಹೇಳಿದಳು.

"ಗಿರಿಜಾ, ಶ್ರಾವಣದ ಕಡೀ ಸೋಮವಾರ ಮಠದಾಗ ದಾಸೋಹ ಐತಿ. ನಿನ್ನ ಹರಕಿ ರೊಟ್ಟಿ ಆವತ್ತ ಒಪ್ಪಿಸಿಬಿಡು. ಇನ್ನ ಹದಿನೈದ ದಿನ ಐತಿ ನೋಡು."

ಹೋದ ವರ್ಷ ನಮ್ಮ ಮನೆಯವರಿಗೆ ಮಂಡಿನೋವು ಬಂದು ಮಠದ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅವರು ಹತ್ತುವಂತಾದರೆ ನನ್ನ ಕೈಯಾರೆ ನೂರಾ ಒಂದು ಜೋಳದ ರೊಟ್ಟಿ ಬಡಿದು ದಾಸೋಹಕ್ಕೆ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದೆ. ಮಂಡಿ ವಾಸಿಯಾಯಿತು. ದೇವರು ತನ್ನ ಮಾತು ನಡೆಸಿದ. ನನ್ನದು ಬಾಕಿ ಇತ್ತು.

"ನೂರಾ ಒಂದ ಯಾಕ ಅಕ್ಕಾ? ನೂರಾ ಇಪ್ಪತ್ತೈದ ಬಡೀತೇನಿ!" ಎಂದೆ. ದೇವರ ಹತ್ತಿರ ಕೈ ಬಿಗಿ ಹಿಡಿದು ಮಾತಾಡಬಾರದಲ್ಲ!

ಹಾಗೆಂದು ಮೊರ ಎತ್ತಿ ಒಂದೇ ಒಂದು ಸಲ ಕೇರಿದೆ. ಬಲಗೈ ಮಣಿಕಟ್ಟಿನಲ್ಲಿ ಚಳಕ್ ಎಂದಿತು. ಬೇಳೆಯೆಲ್ಲ ಮಾದೇವಕ್ಕನ ಕಾಲ ಮೇಲೆ!

"ಅಯ್ಯ ಶಿವನ! ಕೈಗೆ ಏನಾತ?"

"ರೊಟ್ಟಿ ಬಡದ ಬಡದ ಹಿಂಗ ಆಗೈತಿ ಅಕ್ಕಾ" ಎಂದುಬಿಟ್ಟೆ.

ಇದು ಮೊದಲ ಸುಳ್ಳು. ಆಮೇಲಿನವೆಲ್ಲ ಇದರ ಮರಿಗಳು.

ನಿಜ ಹೇಳುತ್ತೇನೆ. ಮಗಳು ಮದುವೆಯಾಗಿ ತಾಳಿಕೋಟೆಗೆ ಹೋಗುವಾಗ ತನ್ನ ಕಂಪ್ಯೂಟರನ್ನು ಇಲ್ಲೇ ಬಿಟ್ಟು ಹೋದಳು. ಅದರಲ್ಲಿ ಒಂದು ಆಟ. ಬಣ್ಣ ಬಣ್ಣದ ಗುಂಡುಗಳು ಸಾಲಾಗಿ ಉರುಳುತ್ತ ಬರುತ್ತವೆ. ಒಂದೇ ಬಣ್ಣದ ಮೂರು ಕೂಡುವ ಹಾಗೆ ನಾವು ನಡುವಿನಿಂದ ಗುಂಡು ಹಾರಿಸಿ ಅವನ್ನು ಒಡೆಯಬೇಕು. ತಡವಾದರೆ ಸಾಲಿಗೆ ಸಾಲೇ ತೂತಿನಲ್ಲಿ ಬಿದ್ದು ಆಟ ಮುಗಿಯುತ್ತದೆ. ಒಂದು ದಿನ ಧೂಳು ಒರೆಸಲು ಹೋದವಳು ನೋಡೋಣ ಎಂದು ಆಡಿದೆ. ಅದಾಗಿ ಎಂಟು ತಿಂಗಳು. ಧೂಳು ಇನ್ನೂ ಒರೆಸಿಲ್ಲ. ನಾನು ಎಂಬತ್ತಮೂರನೆಯ ಹಂತದಲ್ಲಿದ್ದೆ!

ನಮ್ಮ ಮನೆಯವರದು ಬೋರಿನ ಮೋಟರು ರಿಪೇರಿ ಅಂಗಡಿ. ಬೆಳಿಗ್ಗೆ ಹೋದವರು ಮಧ್ಯಾಹ್ನ ಊಟಕ್ಕೆ ಬಂದು, ಎರಡು ಗಂಟೆಗೆ ಮತ್ತೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ನಡುವಿನ ಅಷ್ಟೂ ಹೊತ್ತು ಶಿವನು ನನಗಾಗಿಯೇ ಕೊಟ್ಟದ್ದು ಎಂದು ತಿಳಿದಿದ್ದೆ. ಪ್ರತಿ ಹಂತಕ್ಕೂ ಮೊದಲು "ಓಂ ನಮಃ ಶಿವಾಯ" ಎನ್ನುತ್ತಿದ್ದೆ. ಆದ್ದರಿಂದ ಅದು ಪೂರ್ತಿ ಕೆಟ್ಟ ಚಟವೇನಲ್ಲ ಎಂದು ನನ್ನ ವಾದ.

ತಕರಾರು ಇದ್ದದ್ದು ಮೌಸಿನದು. ಮಗಳ ಕೈ ಹೂವಿನ ಎಸಳು. ಅವಳ ಮೌಸೂ ಹಾಗೆಯೇ, ಸವೆದು ಉಳಿದ ಸಾಬೂನಿನ ಬಿಲ್ಲೆಯಷ್ಟು. ನನ್ನದು ಮೂವತ್ತು ವರ್ಷ ಜೋಳದ ಹಿಟ್ಟು ನಾದಿದ ಕೈ. ಆ ಬಿಲ್ಲೆಯನ್ನು ಹಿಡಿದರೆ ಬೆರಳುಗಳು ಮಡಚಿಕೊಂಡು, ಗಡಿಗೆಯಲ್ಲಿ ಕಡಲೆ ಹಿಡಿದ ಮಂಗನ ಕೈಯಂತೆ ಕಾಣುತ್ತಿತ್ತು. ಅಂಗೈ ಗಾಳಿಯಲ್ಲಿ. ಮಣಿಕಟ್ಟು ಮೇಜಿನ ಅಂಚಿನ ಮೇಲೆ. ಆ ಅಂಚೋ, ಈಳಿಗೆ!

ಸಂಜೆ ಮನೆಯವರಿಗೂ ಅದೇ ಸುಳ್ಳು ಹೇಳಿದೆ. ಮೆತ್ತನೆ ಮನಸ್ಸಿನ ಮನುಷ್ಯ. ಕಣ್ಣಲ್ಲಿ ನೀರು ತಂದುಕೊಂಡರು.

"ಮೂವತ್ತ ವರ್ಷ ನನಗ ರೊಟ್ಟಿ ಬಡದ ಕೈ ಇದು. ನಾಳಿಂದ ನೀ ಒಲಿ ಮುಂದ ಕುಂದರಬ್ಯಾಡ. ಬಟ್ಟಿ ನಾ ಒಗೀತೇನಿ, ಭಾಂಡೆ ನಾ ತಿಕ್ಕತೇನಿ. ರೊಟ್ಟಿ ಖಾನಾವಳಿಯಿಂದ ತರ್ತೇನಿ."

"ಬ್ಯಾಡ ಬಿಡ್ರಿ" ಎಂದೆ. ಗಟ್ಟಿಯಾಗಿ ಅನ್ನಲಿಲ್ಲ.

ಮರುದಿನದಿಂದ ಮನೆಯಲ್ಲಿ ನನಗೆ ಪೂರ್ಣ ವಿಶ್ರಾಂತಿ. ಮಾದೇವಕ್ಕ ದಿನಾ ಬೆಳಿಗ್ಗೆ ಬಂದು ಔಡಲೆಣ್ಣೆ ತಿಕ್ಕಿ, ಎಕ್ಕೆ ಎಲೆ ಬೆಚ್ಚಗೆ ಮಾಡಿ ಕಟ್ಟಿ ಹೋಗುತ್ತಿದ್ದಳು. ಖಾನಾವಳಿ ರೊಟ್ಟಿ ಚೆನ್ನಾಗಿಯೇ ಇದ್ದವು. ಅದೊಂದು ಹೊಟ್ಟೆಯುರಿ. ಇನ್ನು ಕೆಲಸವಿಲ್ಲದ ಹೆಣ್ಣುಮಗಳು ಹಗಲೆಲ್ಲ ಏನು ಮಾಡಬೇಕು ಹೇಳಿ? ಮೊದಲು ಮಧ್ಯಾಹ್ನ ಮಾತ್ರ ಆಡುತ್ತಿದ್ದವಳು ಈಗ ಬೆಳಿಗ್ಗೆ ಹತ್ತರಿಂದಲೇ ಕೂತೆ!

ಕೈ ಇನ್ನಷ್ಟು ಬಾತಿತು.

"ಒಂದ ರೊಟ್ಟಿ ಬಡದಿಲ್ಲ, ಒಂದ ಭಾಂಡೆ ಮುಟ್ಟಿಲ್ಲ, ಹೆಂಗ ಹೆಚ್ಚಾತಿದು?" ಎಂದು ಮಾದೇವಕ್ಕ ತಲೆ ಕೆಡಿಸಿಕೊಂಡಳು. "ಹಳೀ ನೋವು ಅಕ್ಕಾ, ಈಗ ಹೊರಗ ಬರಾಕತ್ತೈತಿ" ಎಂದು ನಾನೇ ವೈದ್ಯಳಾಗಿ ಹೇಳಿದೆ.

ಹರಕೆಯ ದಿನ ಹತ್ತಿರ ಬರುತ್ತಿತ್ತು. ಬುದ್ಧಿ ಇದ್ದವಳು ಆಟ ಬಿಡುತ್ತಿದ್ದಳು. ನಾನು ಮೌಸನ್ನು ಸುಧಾರಿಸಲು ಹೊರಟೆ.

ಮೊದಲು ಹಳೆಯ ಕೌದಿಯ ತುಂಡು ಮಡಚಿ ಮಣಿಕಟ್ಟಿನ ಕೆಳಗೆ ಇಟ್ಟೆ. ಅದು ಔಡಲೆಣ್ಣೆ ಕುಡಿದು, ಮೌಸು ಜಾರಿ ಜಾರಿ ಮೇಜಿನಿಂದ ಕೆಳಗೆ ಬಿತ್ತು. ಆಮೇಲೆ ಎಡಗೈ. ದಿನಾ ಬೆಳಿಗ್ಗೆ ಇಷ್ಟಲಿಂಗ ಇಟ್ಟು ಪೂಜೆ ಮಾಡುವ ಅಂಗೈ ಅದು. ಅದರಲ್ಲಿ ಮೌಸು ಹಿಡಿಯುವುದೆ? ಕಣ್ಣು ಮುಚ್ಚಿ ತಪ್ಪಾಯಿತು ಎಂದು ಬೇಡಿಕೊಂಡು ಹಿಡಿದೆ. ಕೆಂಪಿಗೆ ಗುರಿ ಇಟ್ಟರೆ ಹಳದಿಗೆ ಹೋಯಿತು, ಹಳದಿಗೆ ಇಟ್ಟರೆ ಗೋಡೆಗೆ. ಏಳು ಸಲ ಸತ್ತೆ. ಶಿವನು ಕೂತಲ್ಲೇ ಉತ್ತರ ಕೊಟ್ಟ ಎಂದುಕೊಂಡು ಕೈ ತೊಳೆದು ಬಂದೆ.

ಮೂರನೆಯದು ನನ್ನ ಸ್ವಂತ ಸಂಶೋಧನೆ. ಮೌಸು ಚಪ್ಪಟೆ, ಅಂಗೈಗೆ ಆಸರೆ ಇಲ್ಲ. ಅದಕ್ಕೊಂದು ಬೆನ್ನು ಬೇಕು ಎಂದು ಹೊಳೆಯಿತು. ನನಗೆ ತಿಳಿದ ಮೆತ್ತನೆಯ ವಸ್ತು ಒಂದೇ. ಬಿಸಿನೀರಲ್ಲಿ ಜೋಳದ ಹಿಟ್ಟು ನಾದಿ, ಮೌಸಿನ ಬೆನ್ನ ಮೇಲೆ ಗುಡ್ಡದಂತೆ ಮೆತ್ತಿದೆ. ಒತ್ತುವ ಗುಂಡಿ, ಕೆಳಗಿನ ಕೆಂಪು ದೀಪ ಬಿಟ್ಟೆ. ಅಷ್ಟು ಜಾಣತನ ನನಗೂ ಉಂಟು. ಮೇಲೆ ಬಲಗೈ ಊರಿ, ನನ್ನ ಅಂಗೈಯ ಅಚ್ಚು ಮೂಡಲಿ ಎಂದು ಒತ್ತಿ ಹಿಡಿದು ಕೂತೆ.

ಆಗ ಬಂದಳು ಮಾದೇವಕ್ಕ!

ಎಡಗೈಯಿಂದ ಪರದೆ ಆರಿಸಿ, ಸೆರಗನ್ನು ಕೈಮೇಲೆ ಎಳೆದುಕೊಂಡೆ. ಆದರೂ ಮಣಿಕಟ್ಟಿನವರೆಗೆ ಮೆತ್ತಿದ ಹಿಟ್ಟು ಕಂಡೇ ಕಂಡಿತು.

"ಯವ್ವಾ! ಇಂಥಾ ನೋವಿನಾಗೂ ಹಿಟ್ಟ ನಾದಾಕತ್ತಿ? ಹರಕಿ ರೊಟ್ಟಿಗೆ ಕೈ ಪಳಗಸಾಕತ್ತಿ ಹೌದಿಲ್ಲ? ನೀ ಹೆಣ್ಣಮಗಳಲ್ಲ ಗಿರಿಜಾ, ಶರಣಿ!"

ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದು ಅವಳು ತಿಳಿದಳು. ನಾಚಿಕೆಯೇ ಹೌದು.

"ಇದ್ಯಾತರ ಕರೀ ದಾರ, ಹಿಟ್ಟಿನಾಗಿಂದ ಬಂದೈತಿ?"

ಮೌಸಿನ ವೈರು!

"ಹರಕಿ ದಾರ ಅಕ್ಕಾ" ಎಂದೆ.

ಮಾದೇವಕ್ಕ ಬಗ್ಗಿ ಆ ವೈರನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆ ಕ್ಷಣ ಭೂಮಿ ಬಾಯಿ ಬಿಟ್ಟಿದ್ದರೆ ನಾನು ಮೌಸಿನ ಸಮೇತ ಒಳಗೆ ಹೋಗುತ್ತಿದ್ದೆ.

ಹಿಟ್ಟಿನ ಬೆನ್ನು ಒಣಗಿ ನಿಂತಿತು. ಅದರ ಸುಖ ಏನು ಹೇಳಲಿ! ತೊಟ್ಟಿಲಲ್ಲಿ ಕೂಸು ಮಲಗಿದಂತೆ ಅಂಗೈ ಮಲಗಿತು. ಒಂದೇ ದಿನದಲ್ಲಿ ತೊಂಬತ್ತನೆಯ ಹಂತ! ಮರುದಿನ ಬೆನ್ನು ಬಿರುಕು ಬಿಟ್ಟಿತು. ಪುಡಿ ಗುಂಡಿಯೊಳಗೆ ಸೇರಿ, ಒತ್ತಿದ್ದು ಒತ್ತಿದಂತೆಯೇ ಉಳಿದು, ಗುಂಡುಗಳು ತಾವಾಗಿಯೇ ಹಾರತೊಡಗಿದವು. ಕೆಂಪು ಇರುವೆಗಳು ಸಾಲುಗಟ್ಟಿ ಬಂದು ನನ್ನ ಸಂಶೋಧನೆಯನ್ನು ಹೊತ್ತುಕೊಂಡು ಹೋದವು. ಇರುವೆ ಕಚ್ಚಿದ ಕೈಯಲ್ಲೇ ಸಂಜೆ ಮನೆಯವರಿಗೆ ಚಹಾ ಒಯ್ದೆ. ಲೋಟ ಬೆರಳಲ್ಲಿ ನಿಲ್ಲಲಿಲ್ಲ.

"ಸಾಕ ಇನ್ನ. ನಡಿ ದವಾಖಾನಿಗೆ" ಎಂದರು. ಹರಕೆಗೆ ಇನ್ನು ಐದೇ ದಿನ ಉಳಿದಿತ್ತು.

ಎಲುಬಿನ ಡಾಕ್ಟರು ವಯಸ್ಸಾದವರು. ನಮ್ಮ ಮನೆಯವರು ನನ್ನ ಮೂವತ್ತು ವರ್ಷದ ರೊಟ್ಟಿಯ ಕಥೆಯನ್ನು ಗದ್ಗದರಾಗಿ ಹೇಳಿದರು.

"ಎಲ್ಲಿ, ರೊಟ್ಟಿ ಹೆಂಗ ಬಡೀತಿ ತೋರಸವ್ವಾ" ಎಂದರು ಡಾಕ್ಟರು.

ಗಾಳಿಯಲ್ಲಿ ಬಡಿದು ತೋರಿಸಿದೆ. ಭುಜ ಆಡಿತು, ಅಂಗೈ ಆಡಿತು. ಅಷ್ಟೇನೂ ನೋಯಲಿಲ್ಲ. ನೋಯಲಿಲ್ಲವೆಂಬುದು ಮುಖದಲ್ಲಿ ಕಂಡಿತೇನೋ.

"ಇದು ರೊಟ್ಟಿ ನೋವಲ್ಲ. ಮತ್ತೇನ ಕೆಲಸ ಮಾಡ್ತಿ?"

"ಏನಿಲ್ರಿ. ಪೂಜಿ, ಪುನಸ್ಕಾರ."

"ಪೂಜಿ ಮಾಡಿದ್ರ ಇಲ್ಲಿ ಬಾವು ಬರೂದಿಲ್ಲ. ಆ ಮೇಜಿನ ಮ್ಯಾಲ ಕೈ ಇಡು, ನೋಡೂಣು."

ಇಟ್ಟೆ. ಮೇಜಿನ ಮೇಲೆ ಅವರ ಕಂಪ್ಯೂಟರಿನ ಮೌಸು ಇತ್ತು. ನಾನೇನೂ ಮಾಡಲಿಲ್ಲ, ದೇವರಾಣೆ! ಕೈ ತಾನಾಗಿಯೇ ಹೋಗಿ ಅದರ ಮೇಲೆ ಕೂತಿತು. ತೋರುಬೆರಳು ಟಿಕ್ ಟಿಕ್ ಟಿಕ್ ಎಂದು ಮೂರು ಸಲ ಒತ್ತಿತು. ಮೂರು ಗುಂಡುಗಳಿಗೆ ಮೂರು.

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮನೆಯವರು ಕೈಯನ್ನು ನೋಡಿದರು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡಿದೆ.

"ದಿನಾ ಎಷ್ಟ ತಾಸ ಆಡ್ತಿ?" ಎಂದರು ಡಾಕ್ಟರು.

"ಮೊದಲ ಮೂರ ರೀ. ಕೈ ನೋಯಾಕತ್ತಿದ ಮ್ಯಾಲ ಆರು."

ಆಮೇಲೆ ಅವರು ತಮ್ಮ ಮೌಸನ್ನೇ ಎತ್ತಿ ಪಾಠ ಮಾಡಿದರು. ಸಣ್ಣ, ಚಪ್ಪಟೆ ಮೌಸಾದರೆ ಬೆರಳು ಮಡಚಿ ಬಿಗಿಯುತ್ತವೆ, ಮಣಿಕಟ್ಟು ಮೇಲಕ್ಕೆ ಮಣಿದು ಅಂಚಿಗೆ ಒತ್ತುತ್ತದೆ, ಪೂರ್ತಿ ಕೆಲಸ ಅದರ ತಲೆಗೇ ಬೀಳುತ್ತದೆ. ಕೈಗೆ ತಕ್ಕ ದೊಡ್ಡದು, ಬೋರಲು ಹಾಕಿದ ಬಟ್ಟಲಿನಂತೆ ಉಬ್ಬಿದ್ದು ಬೇಕು. ಅಂಗೈ ಪೂರ್ತಿ ಅದರ ಮೇಲೆ ಕೂರಬೇಕು, ಮೊಳಕೈಗೆ ಮೇಜಿನ ಆಸರೆ ಬೇಕು, ತೋಳೆಲ್ಲ ಆಡಬೇಕು. "ಎಂಥಾ ಚಲೋ ಮೌಸ ತಂದ್ರೂ ಆರ ತಾಸ ಆಡಿದ್ರ ಕೈ ಉಳಿಯೂದಿಲ್ಲ. ಸದ್ಯ ಆಟ ಬಂದ್. ಮೂರ ದಿನ ಕೈಗೆ ಸೂಟಿ. ಆಮ್ಯಾಲ ರೊಟ್ಟಿ ಬಡಿ, ಸಾವಕಾಶ, ಕೂತ ಕೂತ." ಬೆನ್ನು ಬೇಕೆಂದು ನಾನು ಕಂಡುಹಿಡಿದದ್ದು ಸರಿಯಾಗಿಯೇ ಇತ್ತಲ್ಲ ಎಂದು ಒಳಗೊಳಗೇ ಸಣ್ಣ ಸಮಾಧಾನ.

ಮನೆಯವರು ಗಾಡಿಯಲ್ಲಿ ಮನೆಗೆ ಕರೆತಂದರು. ಬಾಗಿಲಲ್ಲಿ ಇಳಿಸಿ ಹೇಳಿದರು:

"ಹತ್ತ ದಿನ ನಿನ್ನ ಸೀರಿ ಒಗದೇನಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಳಗೆ ಮಾದೇವಕ್ಕ ಕಾದಿದ್ದಳು. ಓಣಿಯ ಐದು ಹೆಣ್ಣುಮಕ್ಕಳನ್ನು ಒಪ್ಪಿಸಿ ಬಂದಿದ್ದಳಂತೆ, ಒಬ್ಬೊಬ್ಬರು ಇಪ್ಪತ್ತೈದು ರೊಟ್ಟಿ ನನ್ನ ಹೆಸರಲ್ಲಿ ಬಡಿಯುತ್ತಾರೆ. "ಶರಣಿ ಹರಕಿ, ನಮಗೂ ಪುಣ್ಯ ಬರ್ತೈತಿ ಅಂದರವ್ವಾ!" ಸುಮ್ಮನೆ ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಹರಕೆ ಹೊತ್ತದ್ದು ನನ್ನ ಕೈಯಾರೆ ಎಂದು. ಓಣಿಯನ್ನು ಮರುಳು ಮಾಡಬಹುದು. ಮಂಡಿ ವಾಸಿ ಮಾಡಿದವನನ್ನು ಹೇಗೆ ಮಾಡುವುದು?

ಗುಂಡಿನ ಆಟದಿಂದ ಹಿಡಿದು ವೈರಿನ ತನಕ ಎಲ್ಲ ಹೇಳಿದೆ. ವೈರಿನ ಮಾತು ಬಂದಾಗ ಮಾದೇವಕ್ಕ ತನ್ನ ಕಣ್ಣು ಮುಟ್ಟಿ ನೋಡಿಕೊಂಡಳು.

"ಎಂಟ ಬಾಟ್ಲಿ ಎಣ್ಣಿ ತಿಕ್ಕೇನಲ್ಲೇ!" ಎಂದಳು. ತಿಕ್ಕಿದ್ದು ಒಂದೂವರೆ ಬಾಟಲಿ. ಆ ಹೊತ್ತಿನಲ್ಲಿ ತಿದ್ದುವ ಧೈರ್ಯ ನನಗಿರಲಿಲ್ಲ. "ಒಬ್ಬಾಕಿನ ಬಡಿ. ನೂರಾ ಇಪ್ಪತ್ತೈದೂ ಬಡಿ. ನಾ ಮುಂದ ಕೂತ ಎಣಸ್ತೇನಿ!"

ಕೂತಳು. ಎಣಿಸಿದಳು. ಸೋಮವಾರ ನಸುಕಿನಲ್ಲೇ ಒಲೆ ಹಚ್ಚಿ, ಹತ್ತು ರೊಟ್ಟಿಗೊಮ್ಮೆ ಕೈ ಕೊಡವಿ, ನಡುಮಧ್ಯಾಹ್ನಕ್ಕೆ ಮುಗಿಸಿದೆ. ಮೊದಲ ನೂರಾ ಒಂದು ಚಂದ್ರನಂತಿದ್ದವು. ಬಾಯಿ ಮಾಡಿ ಹೆಚ್ಚಿಸಿಕೊಂಡ ಇಪ್ಪತ್ತನಾಲ್ಕು ಮಾತ್ರ ಒಂದೊಂದು ಒಂದೊಂದು ಊರಿನ ನಕಾಶೆ. ಹಸಿದವರು ಆಕಾರ ನೋಡುವುದಿಲ್ಲ, ಅದೊಂದು ಶಿವನ ಕೃಪೆ. ಎಲ್ಲ ಖರ್ಚಾದವು. ಮಾದೇವಕ್ಕ ಬಡಿಸುತ್ತ ಓಣಿಯವರಿಗೆಲ್ಲ ಹೇಳಿದಳು: "ತಗೋರಿ, ತಗೋರಿ, ಗುಂಡ ಹೊಡಿಯೂ ಶರಣಿ ರೊಟ್ಟಿ!"

ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ಭುಜದಿಂದ ಬೆರಳ ತುದಿಯವರೆಗೆ ಕೈ ಸಿಡಿಯುತ್ತಿತ್ತು.

"ಯಾಕ, ಏನಾತ?" ಎಂದರು ಮನೆಯವರು.

"ಕೈ ನೋಯಾಕತ್ತೈತ್ರಿ. ರೊಟ್ಟಿ ಬಡದ ಬಡದ."

ಅವರು ಮಾದೇವಕ್ಕನ ಮುಖ ನೋಡಿದರು. ಮಾದೇವಕ್ಕ ಅವರ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ನಕ್ಕರು. ರೊಟ್ಟಿಯ ಹೆಸರು ಹೇಳಿ ಇಷ್ಟು ದಿನದಲ್ಲಿ ನಾನು ಆಡಿದ ಒಂದೇ ಒಂದು ನಿಜ ಅದು. ಒಬ್ಬರೂ ನಂಬಲಿಲ್ಲ!

ಎದ್ದೆ. ರೊಟ್ಟಿ ಬೇಯಿಸಿದ ಹೆಂಚು ಕರಿ ಹಿಡಿದು ಬಚ್ಚಲಲ್ಲಿ ಬಿದ್ದಿತ್ತು. ಬೂದಿ ಹಾಕಿ ತಿಕ್ಕಲು ಕೂತೆ.