ಸೋಯ್ಲಾ ಅಜ್ಜಿಯ ಹಿಂದಿನವನು

ಬರಾನಿಕೊ ಎರಡೂವರೆ ಗಂಟೆ ಕಾಲ ಗೋಡೆಗೆ ಬೆನ್ನು ಕೊಟ್ಟು ನಿಂತದ್ದೇ ಎಲ್ಲಕ್ಕೂ ಮೂಲವಾಯಿತು.

ಗುರುವಾರ ಹವಾನಾದ ಮುದ್ರೆ ಕಚೇರಿಗೆ ಹೋದಾಗ ಅಲ್ಲಿ ಸಾಲೆಂಬುದೇ ಅವನಿಗೆ ಕಾಣಲಿಲ್ಲ. ಕೆಲವರು ಬೆಂಚಿನ ಮೇಲೆ ಕೂತಿದ್ದರು, ಕೆಲವರು ಮೆಟ್ಟಿಲ ಮೇಲೆ ಕಡಲೆಕಾಯಿ ತಿನ್ನುತ್ತಿದ್ದರು, ಒಬ್ಬ ಕಂಬಕ್ಕೊರಗಿ ನಿದ್ದೆ ಮಾಡುತ್ತಿದ್ದ. ಸರತಿ ಇನ್ನೂ ಶುರುವಾಗಿಲ್ಲವೆಂದುಕೊಂಡು ಬರಾನಿಕೊ ಮೂರನೆಯ ಕಿಟಕಿಯ ಪಕ್ಕದಲ್ಲಿ ನೆಟ್ಟಗೆ ನಿಂತ. ಅವನ ಕಣ್ಣ ಮುಂದೆಯೇ ಮೆಟ್ಟಿಲಿನವರು ಎದ್ದು ಬಂದರು, ಬೆಂಚಿನವರು ಎದ್ದು ಬಂದರು, ನಿದ್ದೆಯವನೂ ಸರಿಯಾದ ಗಳಿಗೆಗೆ ಕಣ್ಣು ಬಿಟ್ಟು ಬಂದು ಮುದ್ರೆ ಹಾಕಿಸಿಕೊಂಡು ಹೋದ. ಎರಡು ಗಂಟೆಗೆ ಕಿಟಕಿಯೊಳಗಿನ ಬೋಳುತಲೆಯವನು ಬಾಗಿಲು ಎಳೆದುಕೊಂಡ. ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದರೂ ಬಡಿಸುವವರ ಕಣ್ಣಿಗೆ ಬೀಳದವನ ಹಾಗಾಗಿತ್ತು ಅವನ ಸ್ಥಿತಿ.

ಅವನು ವೈದ್ಯಕೀಯ ಮೂರನೆಯ ವರ್ಷದ ವಿದ್ಯಾರ್ಥಿ. ಊರು ಪೆಸಿಫಿಕ್ ಸಾಗರದ ನಡುವಿನ ಕಿರಿಬಾಸ್. ಅಲ್ಲಿ ಅವನ ಮನೆಯ ಮುಂಬಾಗಿಲಿಗೂ ಸಮುದ್ರ, ಹಿತ್ತಿಲಿಗೂ ಸಮುದ್ರ. ಹವಾನಾದಲ್ಲಿ ಅವನ ಪಾಲಿಗೆ ಬಂದದ್ದು ಹಾಸ್ಟೆಲಿನ ನೆಲಮಾಳಿಗೆಯ ಕೋಣೆ, ಪಕ್ಕದಲ್ಲಿ ಬಟ್ಟೆ ಒಗೆಯುವ ಕೋಣೆಯ ಬಾಯ್ಲರು. ಮೂರು ವರ್ಷದಿಂದ ಅದರ ಗೊರಕೆ ಕೇಳುತ್ತಾ ಮಲಗಿದ್ದ. ಈಗ ನಾಲ್ಕನೆಯ ಮಹಡಿಯಲ್ಲಿ, ಕಿಟಕಿ ತೆಗೆದರೆ ಸಮುದ್ರವೇ ಒಳಗೆ ಬರುವಂಥ ಕೋಣೆಯಲ್ಲಿ ಒಂದು ಮಂಚ ಖಾಲಿಯಾಗಿತ್ತು. ಕೋಣೆ ಬದಲಾವಣೆಯ ಕಾಗದಕ್ಕೆ ಮುದ್ರೆ ಹಾಕಿಸಿ ಶುಕ್ರವಾರ ಸಂಜೆ ನಾಲ್ಕರೊಳಗೆ ವಾರ್ಡನ್ನಿಗೆ ಕೊಟ್ಟರೆ ಮಂಚ ಅವನದು. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರದು.

ಗುರುವಾರ ಸಂಜೆ ಹಾಸ್ಟೆಲಿನ ಬಾಗಿಲು ಕಾಯುವ ನೀಲ್ದಾಳಿಗೆ ತನ್ನ ಕಷ್ಟ ಹೇಳಿಕೊಂಡ. ಅವಳು ಅಳುವಷ್ಟು ನಕ್ಕು, ಕಣ್ಣೊರೆಸಿಕೊಂಡು ಬುದ್ಧಿ ಹೇಳಿದಳು.

"ಇಲ್ಲಿ ಸಾಲು ಕಣ್ಣಿಗೆ ಕಾಣೋದಲ್ಲ ಮಗಾ, ತಲೆಯೊಳಗಿರೋದು. ಹೋದ ತಕ್ಷಣ ‘ಕೊನೆಯವರು ಯಾರು’ ಅಂತ ಕೇಳು. ಯಾರು ಕೈ ಎತ್ತುತ್ತಾರೋ ಅವರ ಹಿಂದೆ ನೀನು. ಅವರ ಮೇಲಿಂದ ಮಾತ್ರ ಕಣ್ಣು ತೆಗೀಬೇಡ. ಅವರನ್ನ ಕಳ್ಕೊಂಡೆ ಅಂದ್ರೆ ನಿನ್ನ ಜಾಗಾನೂ ಕಳ್ಕೊಂಡ ಹಾಗೆ."

ಬರಾನಿಕೊ ಔಷಧಿಯ ಪ್ರಮಾಣ ಬರೆದುಕೊಳ್ಳುವವನಂತೆ ಇದನ್ನು ಪುಸ್ತಕದಲ್ಲಿ ಬರೆದುಕೊಂಡ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ, ಆಸ್ಪತ್ರೆಯ ಪಾಠ ಮುಗಿಸಿ, ಬಿಳಿ ಕೋಟನ್ನೂ ಕೊರಳಿನ ಸ್ಟೆತಾಸ್ಕೋಪನ್ನೂ ತೆಗೆಯದೆ ಕಚೇರಿಗೆ ಓಡಿದ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಕೊನೆಯವರು ಯಾರೆಂದು ಕೇಳಿದ. ಒಣಗಿದ ಮೆಣಸಿನಕಾಯಿಯಷ್ಟು ತೆಳ್ಳಗಿದ್ದ ಒಬ್ಬ ಮುದುಕಿ ಹಸಿರು ಕೊಡೆ ಎತ್ತಿದಳು. ಅವಳ ಹಿಂದೆ ತಾನೆಂದು ಗೊತ್ತುಮಾಡಿಕೊಂಡ. ಅಷ್ಟರಲ್ಲಿ ಹುಲ್ಲಿನ ಟೋಪಿಯವನೊಬ್ಬ ಬಂದು ಅದೇ ಪ್ರಶ್ನೆ ಕೇಳಿದಾಗ ಬರಾನಿಕೊ ಹೆಮ್ಮೆಯಿಂದ ಕೈ ಎತ್ತಿದ. ಮೂರು ವರ್ಷದಲ್ಲಿ ಮೊದಲ ಸಲ ತಾನೂ ಈ ಊರಿನವನಾದೆ ಅನ್ನಿಸಿತು.

ಆ ಹೆಮ್ಮೆ ಆರುವ ಮೊದಲೇ ಮುದುಕಿ ಕೊಡೆ ಬಿಚ್ಚಿಕೊಂಡು ಬೀದಿಗಿಳಿದಳು.

ಬರಾನಿಕೊಗೆ ಪುಸ್ತಕದಲ್ಲಿ ಬರೆದದ್ದು ನೆನಪಿತ್ತು: ಕಣ್ಣು ತೆಗೆಯಬಾರದು. ಅವನೂ ಹಿಂದೆಯೇ ಹೊರಟ. ಅದರ ಜೊತೆಗೆ, ಸರತಿಯಲ್ಲಿರುವವರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂದು ತಿಳಿಯುವ ಕುತೂಹಲವೂ ಇತ್ತೆನ್ನಿ.

ಎರಡು ಬೀದಿ ದಾಟಿ, ತರಕಾರಿ ಗಾಡಿಯ ಮುಂದೆ ಅವಳು ತಟಕ್ಕನೆ ತಿರುಗಿ ನಿಂತು, ಯಾಕಪ್ಪಾ ನನ್ನ ಬೆನ್ನು ಹತ್ತಿದ್ದೀಯ ಎಂದು ಕೇಳಿದಳು.

"ನಿಮ್ಮ ಹಿಂದೆ ನಾನೇ ಅಲ್ವಾ ಅಜ್ಜಿ" ಎಂದ ಬರಾನಿಕೊ.

ಅಜ್ಜಿಯ ಹೆಸರು ಸೋಯ್ಲಾ. ಎಪ್ಪತ್ತಾರು ವರ್ಷದಲ್ಲಿ ಅವಳು ನಿಂತ ಸಾಲುಗಳನ್ನು ಒಂದರ ತುದಿಗೆ ಒಂದು ಕಟ್ಟಿದ್ದರೆ ದ್ವೀಪವನ್ನೇ ಸುತ್ತಿಬರಬಹುದಿತ್ತು. ಹುಡುಗನ ತಪ್ಪು ಏನೆಂದು ಕ್ಷಣದಲ್ಲೇ ಅರ್ಥವಾಯಿತು. ತಿದ್ದಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಅವನ ಅಗಲವಾದ ಹೆಗಲ ಮೇಲೆ ಬಿತ್ತು, ಆಮೇಲೆ ಗಾಡಿಯಲ್ಲಿದ್ದ ಮರಗೆಣಸಿನ ರಾಶಿಯ ಮೇಲೆ, ಆಮೇಲೆ ತನ್ನ ಕೈಚೀಲದ ಮೇಲೆ.

"ಹೌದು ಮಗಾ, ನೀನೇ. ದೂರ ಹೋಗ್ಬೇಡ, ಹಿಂದೇನೇ ಇರು" ಎಂದು ಚೀಲ ಅವನ ಕೈಗೆ ಕೊಟ್ಟಳು.

ಬರಾನಿಕೊಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವನ ಊರಿನಲ್ಲಿ ಯಾರು ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ದೋಣಿ ಕೇಳಿದರೆ ದೋಣಿ, ತೊಟ್ಟ ಅಂಗಿ ಕೇಳಿದರೆ ಅಂಗಿ. ಒಬ್ಬ ಮುದುಕಿಯ ಚೀಲ ಹೊರುವುದು ಉಸಿರಾಡಿದಷ್ಟೇ ಸಹಜ.

ಬ್ರೆಡ್ಡಿನ ಅಂಗಡಿಯ ಮುಂದೆ ಮೂವತ್ತು ಜನರಿದ್ದರು. ಬಿಳಿ ಕೋಟಿನವನೊಬ್ಬ ಸೋಯ್ಲಾ ಅಜ್ಜಿಯ ಬೆನ್ನಿಗೆ ಅಂಟಿಕೊಂಡಂತೆ ಬರುವುದನ್ನು ಕಂಡು ಮಾತೆಲ್ಲ ನಿಂತುಹೋಯಿತು. ಅಂಗಡಿಯಾಕೆ ಪಿಸುದನಿಯಲ್ಲಿ ಬರಾನಿಕೊನನ್ನು ಪಕ್ಕಕ್ಕೆ ಕರೆದು, ಅಜ್ಜಿಗೆ ಏನಾಗಿದೆ ಎಂದು ಕೇಳಿದಳು. ಅವನು ಸುಳ್ಳು ಹೇಳುವವನಲ್ಲ.

"ನನಗೆ ಗೊತ್ತಿಲ್ಲ" ಎಂದ.

ಡಾಕ್ಟರಿಗೇ ಗೊತ್ತಿಲ್ಲದ ಕಾಯಿಲೆ. ಮಾತು ಸಾಲಿನ ಈ ತುದಿಯಿಂದ ಆ ತುದಿಗೆ ಎಣ್ಣೆ ಹರಿದಂತೆ ಹರಿಯಿತು. ಮೂವತ್ತು ಜನ ಎರಡು ಪಾಲಾಗಿ ಸರಿದು ದಾರಿ ಬಿಟ್ಟರು. ಮೂರು ನಿಮಿಷದಲ್ಲಿ ಬ್ರೆಡ್ಡು ಕೈಗೆ ಬಂತು.

ಸೋಯ್ಲಾ ಅಜ್ಜಿ ಮೊದಲು ಬೆರಗಾದಳು, ಆಮೇಲೆ ಯೋಚಿಸಿದಳು, ಆಮೇಲೆ ಸಣ್ಣಗೆ ಒಂದು ಸಲ ಕೆಮ್ಮಿ ನೋಡಿದಳು. ಅಂಗಡಿಯಾಕೆ ಒಳಗಿನಿಂದ ಎರಡು ಮೊಟ್ಟೆ ತಂದು ಚೀಲದಲ್ಲಿಟ್ಟಳು.

ಅಲ್ಲಿಂದ ಮುಂದೆ ಆ ಕೆಮ್ಮು ಅಂಗಡಿಯಿಂದ ಅಂಗಡಿಗೆ ಪಕ್ವವಾಗುತ್ತಾ ಹೋಯಿತು. ಕಾಳಿನವನ ಮುಂದೆ ಒಣಕೆಮ್ಮು, ಮಸಾಲೆಯವಳ ಮುಂದೆ ಎದೆ ಹಿಡಿದುಕೊಳ್ಳುವ ಕೆಮ್ಮು. ಕೆಮ್ಮಿದಲ್ಲೆಲ್ಲ ಚೀಲ ಭಾರವಾಯಿತು. ಬರಾನಿಕೊಗೆ ನಿಜಕ್ಕೂ ಆತಂಕವಾಗಿ, ಒಮ್ಮೆ ನಿಲ್ಲಿಸಿ ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ. ಒಳಗೆ ಎಳೆಗರುವಿನ ಉಸಿರಿನಷ್ಟು ಸ್ವಚ್ಛವಾಗಿತ್ತು. ಪುಸ್ತಕದಲ್ಲಿ ಇಲ್ಲದ್ದು ಇದೇನೆಂದು ಅವನು ಹುಬ್ಬು ಗಂಟಿಕ್ಕಿದ. ಆ ಗಂಟಿಕ್ಕಿದ ಹುಬ್ಬನ್ನು ಬೀದಿಯಿಡೀ ನೋಡಿತು.

ಅಷ್ಟರಲ್ಲಿ ಡಾಮಿನೊ ಆಡುತ್ತಿದ್ದ ನಾಲ್ವರು ತಮ್ಮ ರಕ್ತದೊತ್ತಡವನ್ನೂ ನೋಡಿಬಿಡು ಎಂದು ತೋಳು ಚಾಚಿದರು. ಇಲ್ಲ ಎನ್ನುವ ಅಭ್ಯಾಸವಿಲ್ಲದ ಬರಾನಿಕೊ ಚೀಲ ಕೆಳಗಿಟ್ಟು, ಆಸ್ಪತ್ರೆಯ ಪಾಠಕ್ಕೆಂದು ಕೋಟಿನ ಜೇಬಿನಲ್ಲಿಟ್ಟಿದ್ದ ಪಟ್ಟಿ ತೆಗೆದು ಸುತ್ತಿ, ನಾಲ್ವರದ್ದೂ ನೋಡಿದ. ಆಮೇಲೆ ಅವರ ಹೆಂಡತಿಯರದ್ದು. ಒಂದು ಕಣ್ಣು ಮಾತ್ರ ಸದಾ ಹಸಿರು ಕೊಡೆಯ ಮೇಲೇ ಇತ್ತು. ಗಂಟೆ ಹನ್ನೊಂದಾಗಿತ್ತು.

ಕಿಟಕಿ ಎರಡಕ್ಕೇ ಮುಚ್ಚುತ್ತದೆ ಎಂದು ಅವನು ಅಂಗಲಾಚಿದ. ಸರತಿ ಎಲ್ಲಿಗೂ ಓಡಿಹೋಗುವುದಿಲ್ಲ, ಮನೆಗೆ ಹೋಗಿ ನನ್ನ ಪುಟ್ಟನಿಗೆ ಅಡುಗೆ ಮಾಡಿ ಬರೋಣ ಎಂದಳು ಅಜ್ಜಿ.

"ಅವನು ತಣ್ಣಗಾದದ್ದು ಬಾಯಿಗಿಡಲ್ಲ. ಹಸಿವಾದ್ರಂತೂ ಯಾರ ಮಾತೂ ಕೇಳಲ್ಲ, ಮುಖ ಗಡಿಗೆ ಥರ ಮಾಡ್ಕೊಂಡು ಕೂತ್ಬಿಡ್ತಾನೆ."

ಮೊಮ್ಮಗನಿರಬೇಕು ಎಂದುಕೊಂಡ ಬರಾನಿಕೊ.

ಅವಳ ಮನೆ ಮೂರನೆಯ ಮಹಡಿ. ಎರಡನೆಯ ಮಹಡಿಯಲ್ಲಿ ಮಿಗ್ದಾಲಿಯಾ ಎಂಬಾಕೆ ಬಾಗಿಲಲ್ಲೇ ಕಾಯುತ್ತಿದ್ದಳು. ಇಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ಮಿಗ್ದಾಲಿಯಾ ಒಂದು ದಿನದ ಮಟ್ಟಿಗೆಂದು ತೆಗೆದುಕೊಂಡು ಹೋದ ಪ್ರೆಶರ್ ಕುಕ್ಕರು ಎರಡು ವರ್ಷವಾದರೂ ಮೆಟ್ಟಿಲು ಹತ್ತಿರಲಿಲ್ಲ. ಅವಳನ್ನು ಕಂಡೊಡನೆ ಸೋಯ್ಲಾ ಅಜ್ಜಿ ಬರಾನಿಕೊನ ತೋಳಿಗೆ ಒರಗಿ ಆ ದಿನದ ಅತ್ಯುತ್ತಮ ಕೆಮ್ಮು ಕೆಮ್ಮಿದಳು. ಅದು ಹೊಟ್ಟೆಯ ತಳದಿಂದ ಹೊರಟು, ಮೆಟ್ಟಿಲಿನ ಉದ್ದಕ್ಕೂ ಪ್ರತಿಧ್ವನಿಸಿ, ಮಾಳಿಗೆಯ ಪಾರಿವಾಳಗಳನ್ನು ಎಬ್ಬಿಸಿತು.

ಮಿಗ್ದಾಲಿಯಾ ಒಳಗೆ ಓಡಿ ಕುಕ್ಕರು ತಂದಳು. ಉಜ್ಜಿ ಬೆಳಗಿದ್ದಳು ಬೇರೆ.

"ತಗೋ ಸೋಯ್ಲಾ. ಮನಸ್ಸಲ್ಲಿ ಏನೂ ಇಟ್ಕೊಂಡು ಹೋಗ್ಬೇಡ."

"ಎಲ್ಲಿಗೆ ಹೋಗ್ತೀನಿ ಮಿಗ್ದಾಲಿಯಾ" ಎಂದಳು ಅಜ್ಜಿ ಕ್ಷೀಣ ಸ್ವರದಲ್ಲಿ. "ಅದರ ರಬ್ಬರ್ ರಿಂಗ್ ಎಲ್ಲಿ?"

ಮಿಗ್ದಾಲಿಯಾ ಅಳುತ್ತಾ ರಿಂಗನ್ನೂ ತಂದುಕೊಟ್ಟಳು. ಮೆಟ್ಟಿಲು ತಿರುಗಿದ ಮೇಲೆ ಅಜ್ಜಿ ಬರಾನಿಕೊನ ತೋಳು ಬಿಟ್ಟು ಎರಡೆರಡು ಮೆಟ್ಟಿಲು ಹತ್ತಿದಳು.

ಅಡುಗೆಮನೆಯಲ್ಲಿ ಅವನು ಕಪ್ಪು ಕಾಳಿನಲ್ಲಿ ಕಲ್ಲು ಆರಿಸಿದ, ಮರಗೆಣಸಿನ ಸಿಪ್ಪೆ ಸುಲಿದ, ಕಾಳಿಗೆ ಜೀರಿಗೆ ಯಾವಾಗ ಹಾಕಬೇಕೆಂದು ಕೇಳಿ ತಿಳಿದುಕೊಂಡ. ಕೂತದ್ದು ಮಾತ್ರ ಬಾಗಿಲಿಗೆ ಅಡ್ಡಲಾಗಿ, ಅಜ್ಜಿ ತಪ್ಪಿಸಿಕೊಂಡು ಹೋಗದ ಹಾಗೆ. ಸಮುದ್ರದ ಕೋಣೆಯ ಕತೆಯನ್ನೂ ಹೇಳಿದ. ಬಾಯ್ಲರಿನ ಪಕ್ಕ ಮಲಗಿ ಮಲಗಿ ಕನಸಿನಲ್ಲೂ ಅಲೆಯ ಸದ್ದು ಕೇಳಿಸುವುದಿಲ್ಲ ಎಂದಾಗ ಅಜ್ಜಿಯ ಸೌಟು ಒಂದು ಗಳಿಗೆ ನಿಂತಿತು.

"ಮುದ್ರೆ ಬಿದ್ದೇ ಬೀಳುತ್ತೆ ಬಿಡು. ಮೂರನೇ ಕಿಟಕೀಲಿ ನನ್ನ ಮಾತು ಸ್ವಲ್ಪ ನಡೆಯುತ್ತೆ" ಎಂದಳು.

ಹನ್ನೆರಡೂವರೆಗೆ ಬಿಸಿ ಊಟ ತುಂಬಿದ ಕುಕ್ಕರನ್ನು ಟವೆಲಿನಲ್ಲಿ ಸುತ್ತಿ ಬರಾನಿಕೊನ ಕೈಗೆ ಕೊಟ್ಟು ಅಜ್ಜಿ ಹೊರಟಳು. ನೇರವಾಗಿ ಹೋಗಿದ್ದರೆ ಹದಿನೈದು ನಿಮಿಷದ ದಾರಿ. ಆದರೆ ದುರಾಸೆ ಯಾರನ್ನು ಬಿಟ್ಟಿದೆ? ಮೂಲೆಯ ಮನೆಯ ಬಾಲ್ಕನಿಯಿಂದ ಒಬ್ಬಾಕೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಅವಳಿಗಾಗಿ ಕಾಫಿ ಇಳಿಸಿದಳು. ಅಲ್ಲೊಂದು ಕೆಮ್ಮು. ಕ್ಷೌರದ ಅಂಗಡಿಯವನು ಹೊರಗೆ ಕುರ್ಚಿ ತಂದು ಹಾಕಿದ. ಅಲ್ಲಿ ಕೂತು ಹತ್ತು ನಿಮಿಷ ನಿಟ್ಟುಸಿರು. ಕ್ಷೌರಿಕನಿಗೂ ಕಾದಿದ್ದ ಗಿರಾಕಿಗಳಿಗೂ ಬರಾನಿಕೊ ರಕ್ತದೊತ್ತಡ ನೋಡಿದ. ಅವನದೇ ಎಷ್ಟಿದೆಯೆಂದು ಯಾರೂ ಕೇಳಲಿಲ್ಲ.

ಕಚೇರಿಯ ಬಾಗಿಲು ಮುಟ್ಟಿದಾಗ ಒಂದೂಕಾಲು. ಮೂರನೆಯ ಕಿಟಕಿ ಮುಚ್ಚಿತ್ತು.

ಹುಲ್ಲಿನ ಟೋಪಿಯವನು ಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದ. ಬರಾನಿಕೊನನ್ನು ಕಂಡು, ಎಲ್ಲಿ ಹಾಳಾಗಿ ಹೋಗಿದ್ದೆ, ನಿನ್ನನ್ನು ನಂಬಿಕೊಂಡು ನಾನಿದ್ದೆ ಎಂದು ಬೈದ. ಎರಡಾಗುವ ಮೊದಲೇ ಕಿಟಕಿ ಏಕೆ ಮುಚ್ಚಿತು ಎಂದು ಬರಾನಿಕೊ ಕೇಳಿದ.

"ಅಯ್ಯೋ, ಪಾಪ, ಆ ಬೋಳುತಲೆ ಗುಮಾಸ್ತ ಅರ್ಸೇನಿಯೊ ಓಡಿಹೋದ ಕಣಯ್ಯಾ. ಮಿಗ್ದಾಲಿಯಾ ಅಂತ ಯಾರೋ ಫೋನ್ ಮಾಡಿದ್ರಂತೆ. ಅವರಮ್ಮನಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿದೆಯಂತೆ. ಬೆಳಗ್ಗೆಯಿಂದ ಒಬ್ಬ ಡಾಕ್ಟ್ರು ಪಕ್ಕ ಬಿಟ್ಟು ಕದಲಿಲ್ವಂತೆ."

ಬರಾನಿಕೊ ನಿಧಾನವಾಗಿ ತಿರುಗಿ ಅಜ್ಜಿಯನ್ನು ನೋಡಿದ. ಅಜ್ಜಿ ಕೊಡೆಯನ್ನು ನೋಡಿದಳು.

"ನಿಮ್ಮ ಪುಟ್ಟ..." ಎಂದ ಅವನು.

"ಐವತ್ತೆರಡು ತುಂಬುತ್ತೆ ಬರೋ ತಿಂಗಳಿಗೆ" ಎಂದಳು ಅಜ್ಜಿ. ಪ್ರತಿದಿನ ಊಟ ಕೊಡುವುದಕ್ಕೇ ಅವಳು ಬೆಳಿಗ್ಗೆ ಬಂದು ಸರತಿ ಹಿಡಿಯುವುದು. ಮಗ ಬಲು ನಿಯಮದವನು. ಹೆತ್ತವಳಾದರೂ ಸರತಿ ತಪ್ಪಿಸಿ ಕಿಟಕಿಗೆ ಬರಕೂಡದು ಎನ್ನುವವನು. ಮುದ್ರೆಯ ಪೆಟ್ಟಿಗೆಯ ಬೀಗದ ಕೈ ಇರುವುದು ಅವನ ಜೇಬಿನಲ್ಲಿ. ಜೇಬು ಈಗ ಮನೆಯ ಮೆಟ್ಟಿಲು ಹತ್ತುತ್ತಿರಬೇಕು. ಅಲ್ಲಿ ಅಮ್ಮ ಇಲ್ಲ, ಡಾಕ್ಟರ ಜೊತೆ ಹೋದಳು ಎಂದು ತಿಳಿದರೆ ನೇರ ಆಸ್ಪತ್ರೆಗೆ, ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ.

"ಅಳುಬುರುಕ ಅವನು, ಮೊದಲೇ" ಎಂದು ಅಜ್ಜಿ ಮುಖ ಸಣ್ಣ ಮಾಡಿಕೊಂಡಳು. "ಮಗಾ, ಇದನ್ನ ಹಿಡ್ಕೊಂಡಿರು, ಆಮೇಲೆ ಮನೆಗೆ ತಂದುಕೊಡು. ನಾನು ಓಡ್ಬೇಕು." ಎಪ್ಪತ್ತಾರರ ಆ ಮುದುಕಿ ಕೊಡೆ ಮಡಚಿ ಕಂಕುಳಲ್ಲಿರಿಸಿಕೊಂಡು ಬೀದಿಯುದ್ದಕ್ಕೂ ಓಡಿದ ಓಟವನ್ನು ಕಂಡ ಕ್ಷೌರದವನು ಕತ್ತರಿ ಕೆಳಗೆ ಬೀಳಿಸಿದನಂತೆ.

ಬರಾನಿಕೊ ಕುಕ್ಕರು ಅಪ್ಪಿಕೊಂಡು ನಾಲ್ಕು ಗಂಟೆಯವರೆಗೂ ಕೂತ. ಅರ್ಸೇನಿಯೊ ಬರಲಿಲ್ಲ. ನಾಲ್ಕರ ಗಂಟೆ ಹೊಡೆದಾಗ, ನಾಲ್ಕನೆಯ ಮಹಡಿಯ ಮಂಚ ಪಟ್ಟಿಯ ಮುಂದಿನವರ ಪಾಲಾಯಿತೆಂದು ಕುಕ್ಕರಿನ ಮುಚ್ಚಳ ತೆಗೆದ. ಊಟ ಇನ್ನೂ ಬೆಚ್ಚಗಿತ್ತು. ಟೋಪಿಯವನ ಜೊತೆ ಹಂಚಿಕೊಂಡು ತಿಂದ. ಕಾಳಿಗೆ ಜೀರಿಗೆ ಸರಿಯಾದ ಹೊತ್ತಿಗೇ ಬಿದ್ದಿತ್ತು. ಈ ವರ್ಷವೂ ಬಾಯ್ಲರೇ ಜೋಗುಳ. ವಿಳಾಸದ ಕಾಗದಕ್ಕೂ ಒಂದು ಮುದ್ರೆ ಹೇಗೂ ಹಾಕಿಸಬೇಕಿತ್ತು, ಸೋಮವಾರಕ್ಕೆ ತನ್ನ ಜಾಗ ಇದ್ದೇ ಇದೆಯಲ್ಲ ಎಂದ. ಟೋಪಿಯವನು ಬೆರಳು ನೆಕ್ಕುತ್ತಾ ತಲೆಯಾಡಿಸಿದ.

"ಅದು ಹಳೇ ಸರತಿ. ಕಿಟಕಿ ಜೊತೆ ಅದೂ ಮುಚ್ಚೋಯ್ತು. ಸೋಮವಾರದ್ದು ಹೊಸದು, ಅದರಲ್ಲಿ ಮೊದಲು ನಾನು. ನನ್ನ ಹಿಂದೆ ಹನ್ನೆರಡು ಜನ ಗುರುತು ಮಾಡ್ಕೊಂಡು ಮನೆಗೆ ಹೋಗಿದಾರೆ. ನೀನು ಕೊನೇಲಿ."

ಬರಾನಿಕೊ ನಿಟ್ಟುಸಿರು ಬಿಟ್ಟು ಎದ್ದ. ಆಗ ಬಾಗಿಲಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ಬಂದು ನಿಂತಳು. ಕೋಟಿನ ಮಡಿಕೆ ಇನ್ನೂ ಬಿಚ್ಚಿರಲಿಲ್ಲ, ಈ ತಿಂಗಳಷ್ಟೇ ಬಂದವಳಿರಬೇಕು. ಕೈಯಲ್ಲಿದ್ದ ಚೀಟಿ ನೋಡಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ, ಕೊನೆಯವರು ಯಾರು ಎಂದು ಕೇಳಿದಳು. ನೀಲ್ದಾಳ ಪಾಠ ಎಂದು ಅವನಿಗೆ ತಕ್ಷಣ ತಿಳಿಯಿತು.

"ನಾನು" ಎಂದು ಕೈ ಎತ್ತಿ ಬರಾನಿಕೊ ಬೀದಿಗಿಳಿದ. ಅಜ್ಜಿಯ ಕುಕ್ಕರು ತಲುಪಿಸಿ, ಹಾಸ್ಟೆಲಿಗೆ ಹೋಗಬೇಕಿತ್ತು. ಹತ್ತು ಹೆಜ್ಜೆ ನಡೆದಿರಲಿಲ್ಲ, ಹಿಂದೆ ಇನ್ನೊಂದು ಜೊತೆ ಹೆಜ್ಜೆಗಳು ಕೇಳಿಸಿದವು. ಅವನು ನಿಂತರೆ ಅವೂ ನಿಂತವು. ನಡೆದರೆ ಅವೂ ನಡೆದವು.

ತಿರುಗಿ ನೋಡಿದ. ಹುಡುಗಿ ಅವನ ಮೇಲೆ ನೆಟ್ಟ ಕಣ್ಣು ತೆಗೆಯದೆ ನಿಂತಿದ್ದಳು. ತಿದ್ದಲು ಬಾಯಿ ತೆರೆದ. ಕುಕ್ಕರು ಖಾಲಿಯಾಗಿದ್ದರೂ ಬಹಳ ಭಾರವಾಗಿತ್ತು, ಮುಂದೆ ಮೂರು ಮಹಡಿ ಮೆಟ್ಟಿಲಿತ್ತು.

ಬರಾನಿಕೊ ಸಣ್ಣಗೆ ಒಂದು ಸಲ ಕೆಮ್ಮಿದ.